ಹಿಮಬಂಡೆಯ ತುದಿ: ನಮ್ಮ ಮನೆಯವರ ಗುಂಪಿನಲ್ಲಿ ನಡೆದ ವಾದ

ದೊಡ್ಡಪ್ಪ: (ಫಾರ್ವರ್ಡ್ ಮಾಡಿದ ಚಿತ್ರ) ಕಡಲ ಮೇಲೆ ಕಾಣುವ ಪುಟ್ಟ ಶಿಖರವನ್ನೂ ನೀರಿನಡಿಯ ದೈತ್ಯ ಒಡಲನ್ನೂ ಒಟ್ಟಿಗೆ ತೋರಿಸುವ ಈ ಫೋಟೊವನ್ನು ಎಲ್ಲರೂ ನೋಡಿ. ಇಂಗ್ಲಿಷಿನವರು ‘ಟಿಪ್ ಆಫ್ ದಿ ಐಸ್‌ಬರ್ಗ್’ ಎನ್ನುವುದು ಇದನ್ನೇ. ಯಾವ ಹಗರಣವೇ ಆಗಲಿ, ಬಯಲಿಗೆ ಬಂದದ್ದು ಹತ್ತರಲ್ಲಿ ಒಂದು ಪಾಲು, ಅಡಗಿರುವುದು ಒಂಬತ್ತು ಪಾಲು ಎಂಬುದು ಪ್ರಕೃತಿಯೇ ಹೇಳಿಕೊಟ್ಟ ಲೆಕ್ಕ.

ಹರ್ಷ: ದೊಡ್ಡಪ್ಪ, ಇದು ಹಲವು ಚಿತ್ರಗಳನ್ನು ಜೋಡಿಸಿ ಮಾಡಿದ್ದು. ಇಷ್ಟು ಉದ್ದವಾಗಿ, ಕೆಳಕ್ಕೆ ಚೂಪಾಗಿ ಇಳಿದ ಬಂಡೆ ನೀರಿನಲ್ಲಿ ಹೀಗೆ ನೆಟ್ಟಗೆ ನಿಲ್ಲುವುದಿಲ್ಲ. ಮಗುಚಿಕೊಂಡು ಅಡ್ಡಲಾಗಿ ತೇಲುತ್ತದೆ.

ದೊಡ್ಡಪ್ಪ: ಚಿತ್ರ ಕೃತಕವಾದರೆ ಮಾತು ಸುಳ್ಳಾಗುತ್ತದೆಯೇ? ಲೆಕ್ಕ ಸರಿಯೋ ತಪ್ಪೋ, ಅಷ್ಟು ಹೇಳು.

ಹರ್ಷ: ಬಂಡೆಯ ಮಟ್ಟಿಗೆ ಲೆಕ್ಕ ಸರಿ. ಒಂದು ಘನ ಮೀಟರ್ ಮಂಜುಗಡ್ಡೆ ಸುಮಾರು 917 ಕಿಲೋ ತೂಗುತ್ತದೆ, ಅಷ್ಟೇ ಸಮುದ್ರದ ನೀರು ಸುಮಾರು 1,025 ಕಿಲೋ ತೂಗುತ್ತದೆ. ತೇಲುವ ವಸ್ತು ತನ್ನ ತೂಕದಷ್ಟೇ ನೀರನ್ನು ಪಕ್ಕಕ್ಕೆ ಸರಿಸುವುದರಿಂದ ಬಂಡೆಯ ಶೇ 90ರಷ್ಟು ಮುಳುಗಿರಲೇಬೇಕು. ಆದರೆ ಅದು ಗಾತ್ರದ ಲೆಕ್ಕ, ಎತ್ತರದ್ದಲ್ಲ. ಮೇಲ್ಭಾಗ ಗೋಪುರದಂತೆ ಸಣಕಲಾಗಿದ್ದರೆ, ನೀರಿನಿಂದ ಮೇಲಿರುವ ಎತ್ತರ ಒಟ್ಟು ಎತ್ತರದ ಹತ್ತನೇ ಒಂದಕ್ಕಿಂತ ಬಹಳ ಹೆಚ್ಚಿರಬಹುದು.

ಚಿಕ್ಕಪ್ಪ: 1912ರಲ್ಲಿ ಟೈಟಾನಿಕ್ ಹಡಗಿಗೆ ಪೆಟ್ಟು ಬಿದ್ದದ್ದು ನೀರಿನ ಮಟ್ಟಕ್ಕಿಂತ ಕೆಳಗೆ. ಅಣ್ಣ ಹೇಳುವುದರಲ್ಲಿ ಅರ್ಥವಿದೆ.

ಸುಧಾ ಅತ್ತೆ: ಬಂಡೆಯ ವಿಷಯದಲ್ಲಿ ಅರ್ಥವಿದೆ, ಹಗರಣದ ವಿಷಯದಲ್ಲಿ ಇದೆಯೇ ಎಂಬುದು ನನ್ನ ಪ್ರಶ್ನೆ. ತುದಿಯನ್ನು ಕಂಡವರು ಒಡಲನ್ನು ಊಹಿಸಬಲ್ಲರು, ಏಕೆಂದರೆ ಮಂಜು ಎಷ್ಟು ಹಗುರ, ನೀರು ಎಷ್ಟು ಭಾರ ಎಂಬುದನ್ನು ಯಾರೋ ಮೊದಲೇ ತೂಗಿ ನೋಡಿದ್ದಾರೆ. ಒಂದು ಕಚೇರಿಯಲ್ಲಿ ಒಬ್ಬ ಲಂಚ ಪಡೆದು ಸಿಕ್ಕಿಬಿದ್ದಾಗ ‘ಇದು ಹಿಮಬಂಡೆಯ ತುದಿ ಮಾತ್ರ’ ಎಂದು ಬರೆಯುವವರು ಏನನ್ನು ತೂಗಿದ್ದಾರೆ, ಅಣ್ಣ? ಕಾಣದ ಒಂಬತ್ತು ಪಾಲಿಗೆ ಅವರ ಬಳಿ ಇರುವ ಏಕೈಕ ಸಾಕ್ಷಿ, ಅದು ಕಾಣುತ್ತಿಲ್ಲ ಎಂಬುದೇ ಆಗಿರುತ್ತದೆ. ಈ ರೂಪಕ ಭೌತಶಾಸ್ತ್ರದಿಂದ ಖಚಿತತೆಯನ್ನು ಎರವಲು ಪಡೆದು, ಅಳತೆಯನ್ನು ಅಲ್ಲಿಯೇ ಬಿಟ್ಟು ಬರುತ್ತದೆ.

ವಿದ್ಯಾ: ಅತ್ತೆ, ಅಳತೆ ಮಾಡಿದವರೂ ಇದ್ದಾರೆ. ವೈದ್ಯಕೀಯ ಕಾಲೇಜಿನಲ್ಲಿ ನಮಗೆ ‘ರೋಗದ ಐಸ್‌ಬರ್ಗ್’ ಎಂಬ ಪರಿಕಲ್ಪನೆಯನ್ನೇ ಕಲಿಸಿದ್ದರು. ಪೋಲಿಯೊ ಸೋಂಕು ತಗುಲಿದ ಸುಮಾರು 200 ಮಂದಿಯಲ್ಲಿ ಒಬ್ಬರಿಗೆ ಮಾತ್ರ ಶಾಶ್ವತ ಪಾರ್ಶ್ವವಾಯು ಬರುತ್ತದೆ. ಬಹುಪಾಲು ಜನರಲ್ಲಿ ಲಕ್ಷಣಗಳೇ ಇರುವುದಿಲ್ಲ, ಆದರೂ ಅವರಿಂದ ವೈರಾಣು ಹರಡುತ್ತದೆ. ಪಾರ್ಶ್ವವಾಯುವಿನ ಒಂದೇ ಪ್ರಕರಣ ಕಂಡರೂ ಆರೋಗ್ಯ ಇಲಾಖೆಗಳು ಗಾಬರಿಯಾಗುವುದು ಇದೇ ಕಾರಣಕ್ಕೆ.

ದೊಡ್ಡಪ್ಪ: ಕೇಳಿದೆಯಾ ಸುಧಾ? ನಾನು ಒಂಬತ್ತು ಪಾಲು ಎಂದಿದ್ದೇ ಕಡಿಮೆಯಾಯಿತು!

ವಿದ್ಯಾ: ದೊಡ್ಡಪ್ಪ, ನನ್ನ ಮಾತು ಇನ್ನೂ ಮುಗಿದಿರಲಿಲ್ಲ. ಅದೇ ಪಾಠದಲ್ಲಿ ರೇಬೀಸ್ ಮತ್ತು ಧನುರ್ವಾಯುಗಳಿಗೆ ಈ ಚಿತ್ರ ಹೊಂದುವುದಿಲ್ಲ ಎಂದೂ ಕಲಿಸಿದ್ದರು. ಅಲ್ಲಿ ಲಕ್ಷಣವಿಲ್ಲದೆ ಅಡಗಿ ಕೂತ ರೋಗಿಗಳ ಗುಂಪು ಇರುವುದಿಲ್ಲ. ಯಾವ ರೋಗಕ್ಕೆ ಒಡಲಿದೆ, ಯಾವುದಕ್ಕೆ ಇಲ್ಲ ಎಂಬುದು ರಕ್ತ, ಮಲಗಳ ಮಾದರಿಗಳನ್ನು ಪರೀಕ್ಷಿಸಿದ ಮೇಲೆ ತಿಳಿದದ್ದು.

ಸುಧಾ ಅತ್ತೆ: ನಾನು ಕೇಳುತ್ತಿರುವುದೂ ಅದನ್ನೇ. ಕಚೇರಿಯ ಕಡತಗಳಲ್ಲಿ ಕೆಲವನ್ನು ಆರಿಸದೆ, ಕೈಗೆ ಸಿಕ್ಕಂತೆ ತೆಗೆದು ಪರಿಶೀಲಿಸಿದ ಲೆಕ್ಕಪರಿಶೋಧಕರು ‘ಇನ್ನೂ ಬಹಳವಿದೆ’ ಎಂದರೆ ನಂಬುತ್ತೇನೆ. ಒಂದೇ ದೂರನ್ನು ಓದಿದವರು ಅದೇ ಮಾತು ಹೇಳಿದರೆ, ಕೆಳಗೆ ಬಂಡೆಯಿದೆಯೋ ಬರೀ ನೀರಿದೆಯೋ ಎಂದು ಕೇಳುತ್ತೇನೆ.

ಚಿಕ್ಕಪ್ಪ: ಎಲ್ಲವನ್ನೂ ಅಳೆದ ಮೇಲೆಯೇ ಮಾತನಾಡಬೇಕು ಎಂದರೆ ತನಿಖೆಯೇ ಶುರುವಾಗುವುದಿಲ್ಲ. ಅನುಮಾನಕ್ಕೂ ಒಂದು ನುಡಿಗಟ್ಟು ಬೇಕಲ್ಲ.

ಸುಧಾ ಅತ್ತೆ: ಅನುಮಾನವನ್ನು ಅನುಮಾನವೆಂದೇ ಬರೆಯಲಿ. ‘ಒಂದು ಪ್ರಕರಣ ಸಿಕ್ಕಿದೆ, ಬೇರೆಯವು ಇವೆಯೇ ಎಂದು ಹುಡುಕಬೇಕು’ ಎಂದರೆ ತನಿಖೆಗೆ ಸಾಲದೇ?

ದೊಡ್ಡಪ್ಪ: ಅಷ್ಟು ಸಪ್ಪೆಯಾಗಿ ಬರೆದರೆ ಯಾರೂ ಓದುವುದಿಲ್ಲ. ಚಿತ್ರವನ್ನು ನಾನು ಅಳಿಸುವುದಿಲ್ಲ. ಇನ್ನೊಂದು ಗುಂಪಿಗೆ ಕಳಿಸುವಾಗ ಹತ್ತನೇ ಒಂದು ಪಾಲು ಎಂಬ ಸಾಲನ್ನು ಮಾತ್ರ ತೆಗೆಯುತ್ತೇನೆ.