ಸ್ಕಾಟ್ಲೆಂಡ್ ಕ್ಲಬ್ಬಿಗೆ ಆಡ್ಲಿಕ್ಕೆ ವರ್ಕ್ ಪರ್ಮಿಟ್ ಗ್ಯಾರಂಟಿ ಅಂತಾನೆ ಏಜೆಂಟ್, ನಂಬಬಹುದಾ?

ತೊಕ್ಕೊಟ್ಟು_ಮಾಮ:

ನಮಸ್ಕಾರ ಎಲ್ರಿಗೂ. ನನ್ನ ಅಕ್ಕನ ಮಗನಿಗೆ ಈಗ 17, ಮಾರ್ಚಿಗೆ 18 ಆಗ್ತದೆ. ಲೆಫ್ಟ್ ವಿಂಗ್ ಆಡುದು, ನೆಹರೂ ಮೈದಾನದ ಧೂಳಲ್ಲೇ ಬೆಳೆದವ, ಕಳೆದ ವರ್ಷ ಕರ್ನಾಟಕ ಜೂನಿಯರ್ ಟೀಮಿಗೂ ಆಡಿ ಬಂದಿದ್ದಾನೆ. ಸ್ಪೀಡ್ ಉಂಟು, ಬಲಗಾಲು ಮಾತ್ರ ಬಸ್ ಹತ್ಲಿಕ್ಕೆ ಇಟ್ಟದ್ದು ಅಂತ ಅವನ ಕೋಚೇ ತಮಾಷೆ ಮಾಡುದು.

ವಿಷಯ ಎಂತ ಅಂದ್ರೆ ಒಬ್ಬ ಏಜೆಂಟ್ ಗಂಟು ಬಿದ್ದಿದ್ದಾನೆ, ಸ್ಕಾಟ್ಲೆಂಡಲ್ಲಿ ಕ್ಲಬ್ಬಿಗೆ ಸೇರಿಸ್ತೇನೆ, ಇಂಗ್ಲೆಂಡ್ ಆದ್ರೆ ಕಷ್ಟ ಸ್ಕಾಟ್ಲೆಂಡ್ ಸುಲಭ, ವರ್ಕ್ ಪರ್ಮಿಟ್ ಗ್ಯಾರಂಟಿ ಅಂತ. ಒಟ್ಟು 4.5 ಲಕ್ಷ, ಅದರಲ್ಲಿ 1 ಲಕ್ಷ ಅಡ್ವಾನ್ಸ್. ಎರಡು ದಾರಿ ಹೇಳಿದ್ದಾನೆ, ಒಂದೋ ವಿಸಿಟ್ ವೀಸಾದಲ್ಲಿ ಹೋಗಿ ಟ್ರಯಲ್ ಕೊಟ್ಟು ಅಲ್ಲಿಂದಲೇ ವರ್ಕ್ ವೀಸಾಕ್ಕೆ ಕನ್ವರ್ಟ್ ಮಾಡುದು, ಇಲ್ಲಾಂದ್ರೆ ಗ್ಲಾಸ್ಗೋದಲ್ಲಿ ಯಾವುದಾದ್ರೂ ಕೋರ್ಸಿಗೆ ಅಡ್ಮಿಷನ್ ಮಾಡಿಸಿ ಸ್ಟೂಡೆಂಟ್ ವೀಸಾದಲ್ಲಿ ಇದ್ದುಕೊಂಡು ವೀಕೆಂಡಲ್ಲಿ ಸಣ್ಣ ಕ್ಲಬ್ಬಿಗೆ ಆಡಿ ಸಂಪಾದಿಸುದು. ಭಾವ ದುಬೈಯಲ್ಲಿ, ಮಗನ ವಿಷಯ ಅಂದ್ರೆ ನಾಳೆಯೇ ದುಡ್ಡು ಹಾಕ್ತಾರೆ, ಅಕ್ಕ ಮಾತ್ರ ನಾನು ಹೂಂ ಅಂದ್ರೆ ಕೊಡುದು ಅಂತ ಕೂತಿದ್ದಾಳೆ. ನನಗೆ ಫುಟ್ಬಾಲ್ ಗೊತ್ತು, ವೀಸಾ ಗೊತ್ತಿಲ್ಲ. ಗೊತ್ತಿದ್ದವರು ಹೇಳಿ ಮಾರಾಯ್ರೆ.

ಗೋಲಿಬಜೆ_ಗೋಲಿ:

ಮಾಮ ಮೊದ್ಲು ಅಡ್ವಾನ್ಸ್ ನಿಲ್ಸಿ, ಮತ್ತೆ ಮಾತಾಡುವ.

ನಮ್ಮ ಸ್ಟ್ರೈಕರ್ ಸುನಿಲ್ ಛೆಟ್ರಿ ಕತೆ ನೆನಪುಂಟಲ್ಲ? 2009ರಲ್ಲಿ ಲಂಡನ್ನಿನ ಕ್ವೀನ್ಸ್ ಪಾರ್ಕ್ ರೇಂಜರ್ಸ್‌ನವರು ಮೂರು ವರ್ಷದ ಕಾಂಟ್ರಾಕ್ಟ್ ಕೊಡ್ಲಿಕ್ಕೆ ರೆಡಿ ಇದ್ರು, ಪರ್ಮಿಟ್ ಸಿಗ್ಲಿಲ್ಲ. ಆಟ ಸಾಲ್ಲಿಲ್ಲ ಅಂತಲ್ಲ, ಆಗಿನ ರೂಲಲ್ಲಿ ನಿಮ್ಮ ದೇಶ ಫಿಫಾ ರ‍್ಯಾಂಕಿಂಗಲ್ಲಿ 70ರ ಒಳಗೆ ಇರ್ಬೇಕಿತ್ತು. ನಮ್ಮ ದೇಶದ ಇಲ್ಲಿವರೆಗಿನ ಬೆಸ್ಟೇ 94, ಅದೂ 1996ರಲ್ಲಿ. ದೇಶದ ಕ್ಯಾಪ್ಟನ್ ಆಗುವಂಥವನಿಗೇ ಆಗದ್ದನ್ನು ಇವ ವಾಟ್ಸಾಪಲ್ಲಿ ಗ್ಯಾರಂಟಿ ಕೊಡ್ತಾನೆ ಅಂದ್ರೆ ಪಕ್ಕಾ ಲೊಟ್ಟೆ.

ಕುಡ್ಲ_ಟು_ಗ್ಲಾಸ್ಗೋ:

ನಾನು ಬಿಜೈಯವ, ಓದ್ಲಿಕ್ಕೆ ಅಂತ ಗ್ಲಾಸ್ಗೋಗೆ ಬಂದು ಈಗ ಇಲ್ಲೇ ಕೆಲಸ. ಸ್ವಲ್ಪ ಉದ್ದ ಆಗ್ತದೆ, ಓದಿ.

ಸ್ಕಾಟ್ಲೆಂಡ್ ಸುಲಭ ಅನ್ನುದೇ ಮೊದಲ ಸುಳ್ಳು. ವೀಸಾ ಕೊಡುದು ಸ್ಕಾಟ್ಲೆಂಡ್ ಅಲ್ಲ, ಇಡೀ ಬ್ರಿಟನ್ನಿಗೆ ಒಂದೇ ಹೋಮ್ ಆಫೀಸ್ (ಅಲ್ಲಿಯ ಗೃಹ ಇಲಾಖೆ), ಒಂದೇ ಕಾನೂನು. ಇಲ್ಲಿ ಬೇರೆ ಇರುದು ಎಂತ ಅಂದ್ರೆ ಈ ಆಟಗಾರ ಆ ಮಟ್ಟದವ ಹೌದು ಅಂತ ಎಂಡೋರ್ಸ್‌ಮೆಂಟ್ ಕೊಡುದು ಸ್ಕಾಟಿಷ್ ಎಫ್‌ಎ, ಅಂದ್ರೆ ಅಲ್ಲಿಯ ಫುಟ್ಬಾಲ್ ಸಂಸ್ಥೆ, ಅಷ್ಟೇ. ಕ್ಲಬ್ಬಿಗೆ ಸ್ಪಾನ್ಸರ್ ಲೈಸೆನ್ಸ್ ಇರ್ಬೇಕು, ಕ್ಲಬ್ಬೇ ಎಫ್‌ಎಗೆ ಅರ್ಜಿ ಹಾಕ್ಬೇಕು, ಎಂಡೋರ್ಸ್‌ಮೆಂಟ್ ಸಿಕ್ಕಿದ ಮೇಲೆ ಕ್ಲಬ್ಬೇ ಸರ್ಟಿಫಿಕೇಟ್ ಆಫ್ ಸ್ಪಾನ್ಸರ್‌ಶಿಪ್ ಕೊಡ್ಬೇಕು, ಅದು ಕೈಗೆ ಬಂದ ಮೇಲೆ ಹುಡುಗ ಇಂಟರ್‌ನ್ಯಾಷನಲ್ ಸ್ಪೋರ್ಟ್ಸ್‌ಪರ್ಸನ್ ವೀಸಾಕ್ಕೆ ಹಾಕುದು. ಈ ಸಾಲಲ್ಲಿ ಏಜೆಂಟ್ ಕೊಡುವ ಕಾಗದ ಒಂದೂ ಇಲ್ಲ ನೋಡಿ.

ಎಂಡೋರ್ಸ್‌ಮೆಂಟ್ ಈಗ ಪಾಯಿಂಟ್ಸ್ ಲೆಕ್ಕ. ದೇಶಕ್ಕೆ ಎಷ್ಟು ಮ್ಯಾಚ್ ಆಡಿದ್ದೀರಿ, ಆ ದೇಶದ ರ‍್ಯಾಂಕ್ ಎಷ್ಟು, ಯಾವ ಲೀಗಲ್ಲಿ ಎಷ್ಟು ನಿಮಿಷ ಆಡಿದ್ದೀರಿ, ಆ ಲೀಗ್ ಯಾವ ಬ್ಯಾಂಡು (ದರ್ಜೆ) ಅಂತೆಲ್ಲ. ಇಂಗ್ಲೆಂಡಲ್ಲಿ 15 ಪಾಯಿಂಟ್ ಬೇಕು, ರ‍್ಯಾಂಕ್ 50ರ ಒಳಗಿನ ದೇಶಕ್ಕೆ ಬೇಕಾದಷ್ಟು ಮ್ಯಾಚ್ ಆಡಿದವರಿಗೆ ನೇರ ಪಾಸ್, ಇಲ್ಲಿಯದ್ದೂ ಹೆಚ್ಚುಕಮ್ಮಿ ಅದೇ ಅಚ್ಚು. ಸ್ವಲ್ಪದಲ್ಲಿ ತಪ್ಪಿದವರಿಗೆ ಸ್ಕಾಟಿಷ್ ಎಫ್‌ಎ ಎಕ್ಸೆಪ್ಷನ್ಸ್ ಪ್ಯಾನೆಲ್ ಅಂತ ಒಂದು ಉಂಟು, ಕ್ಲಬ್ಬು ಹೋಗಿ ವಾದ ಮಾಡ್ಬೇಕು. ನಮ್ಮ ದೇಶದ ದೊಡ್ಡ ಲೀಗ್ ಐಎಸ್‌ಎಲ್ಲೇ (ಇಂಡಿಯನ್ ಸೂಪರ್ ಲೀಗ್) ಅವರ ಲೆಕ್ಕದಲ್ಲಿ ಕೆಳಗಿನ ಬ್ಯಾಂಡು, ಜೂನಿಯರ್ ಸ್ಟೇಟ್ ಆಡಿದವನ ಫೈಲು ಹಿಡ್ಕೊಂಡು ಯಾವ ಕ್ಲಬ್ಬು ಹೋಗ್ತದೆ ಹೇಳಿ.

ಮತ್ತೆ ವಯಸ್ಸು. 18 ಆಗದೆ ದೇಶ ಬಿಟ್ಟು ದೇಶಕ್ಕೆ ರಿಜಿಸ್ಟರ್ ಮಾಡ್ಲಿಕ್ಕೆ ಫಿಫಾ ಬಿಡುದಿಲ್ಲ, ಎಕ್ಸೆಪ್ಷನ್ ಕೆಲವು ಉಂಟು, ನಿಮ್ಮ ಹುಡುಗನಿಗೆ ಹೊಂದುದಿಲ್ಲ. ಮಾರ್ಚ್ ತನಕ ಮಾತೇ ಇಲ್ಲ.

ಈಗ ಸ್ಟೂಡೆಂಟ್ ವೀಸಾ, ನನಗೆ ನಿಜವಾಗಿ ಹೆದರಿಕೆ ಇರುದು ಇದರ ಬಗ್ಗೆ. ಆ ವೀಸಾದಲ್ಲಿ ಪ್ರೊಫೆಷನಲ್ ಸ್ಪೋರ್ಟ್ಸ್‌ಪರ್ಸನ್ ಆಗಿ ಕೆಲಸ ಮಾಡುವ ಹಾಗಿಲ್ಲ, ಕೋಚಿಂಗೂ ಸೇರಿ, ಓದು ಮುಗಿದ ಮೇಲಿನ ಗ್ರಾಜುಯೇಟ್ ವೀಸಾದಲ್ಲೂ ಇದೇ ಕತೆ. ಎಲ್ಲರೂ ಎಂತ ಗ್ರಹಿಸ್ತಾರೆ, ಸಂಬಳ ತಗೊಂಡ್ರೆ ಮಾತ್ರ ಪ್ರೊಫೆಷನಲ್ ಅಂತ. ಹೋಮ್ ಆಫೀಸಿನ ಡೆಫಿನಿಷನ್ ಅದಕ್ಕಿಂತ ತುಂಬಾ ಅಗಲ ಉಂಟು. ಸೆಮಿ ಪ್ರೊಫೆಷನಲ್ ಆಡಿದ್ರೂ ಅದರೊಳಗೆ. ಕಳೆದ ಎರಡು ವರ್ಷದಲ್ಲಿ ದೇಶಕ್ಕೋ ರಾಜ್ಯಕ್ಕೋ ಆಡಿದವ, ಅಂಡರ್ 17ರಿಂದ ಮೇಲಿನ ಏಜ್ ಗ್ರೂಪ್ ಸೇರಿ, ಅವನೂ ಅದರೊಳಗೆ. ಆಟದಲ್ಲಿ ಅವಕಾಶ ಹುಡುಕ್ಲಿಕ್ಕೆ ಏಜೆಂಟ್ ಇಟ್ಟುಕೊಂಡವನೂ ಅದರೊಳಗೆ. ಅಂದ್ರೆ ನಿಮ್ಮ ಹುಡುಗ ಕರ್ನಾಟಕಕ್ಕೆ ಆಡಿದ್ದಾನೆ, ಮೇಲಿಂದ ಈ ಮಹಾನುಭಾವನಿಗೆ ದುಡ್ಡು ಕೊಟ್ರಿ ಅಂದ್ರೆ ಏಜೆಂಟೂ ಆಯ್ತು. 4.5 ಲಕ್ಷ ಕೊಟ್ಟು ವೀಸಾಕ್ಕೆ ನೀವೇ ಕಲ್ಲು ಹಾಕಿಕೊಂಡ ಹಾಗೆ.

ನಾನು ಸ್ಟೂಡೆಂಟ್ ಆಗಿದ್ದಾಗ ಸಂಡೇ ಅಮೆಚೂರ್ ಟೀಮಲ್ಲಿ ಆಡ್ತಿದ್ದೆ, ಈಗಲೂ ಆಡ್ತೇನೆ, ಮಳೆಯಲ್ಲಿ, ರೆಫ್ರಿಗೆ ಕೊಡುವ ದುಡ್ಡು ಕೂಡ ನಾವೇ ಹಾಕಿ. ಆಗ ಬೇರೆ ಕ್ಲಬ್ಬಿನವ ಒಬ್ಬ ಮ್ಯಾಚಿಗೆ ಇಷ್ಟು ಅಂತ ಕೊಡ್ತೇವೆ ಬಾ ಅಂದ. ಹೋದೆ. ಅವರ ಸೆಕ್ರೆಟರಿ ಒಬ್ಬ ಮುದುಕ, ಶೇರ್ ಕೋಡ್ (ವೀಸಾ ವಿವರ ಆನ್‌ಲೈನಲ್ಲಿ ತೋರಿಸುವ ನಂಬರ್) ಕೇಳಿ ಲ್ಯಾಪ್‌ಟಾಪಲ್ಲಿ ನನ್ನ ವೀಸಾ ಕಂಡೀಷನ್ ತೆಗ್ದು, ಕನ್ನಡಕ ಮೇಲೆ ಮಾಡಿ ಆ ಸ್ಪೋರ್ಟ್ಸ್‌ಪರ್ಸನ್ ಸಾಲಿನ ಮೇಲೆ ಬೆರಳಿಟ್ಟ, ಮತ್ತೆ ಸಾರಿ ಮಗಾ ಅಂತ ಒಂದು ಚಾ ಕೊಟ್ಟು ಕಳಿಸಿದ. ಇಷ್ಟು ಸಣ್ಣ ಕ್ಲಬ್ಬಲ್ಲೇ ಹೀಗೆ.

ಪಡುಬಿದ್ರಿ_ಪಾಸ್:

ಎಲ್ಲ ಬರೀ ಆಗುದಿಲ್ಲ ಆಗುದಿಲ್ಲ ಅಂತೀರಲ್ಲ, ಬಾಲಾ ದೇವಿ ಹೋಗ್ಲಿಲ್ವಾ ರೇಂಜರ್ಸಿಗೆ? ಅದೂ ಗ್ಲಾಸ್ಗೋವೇ ಅಲ್ವಾ? 1936ರಲ್ಲೇ ಕಲ್ಕತ್ತಾದ ಮೊಹಮ್ಮದ್ ಸಲೀಂ ಬರಿಗಾಲಲ್ಲಿ ಗ್ಲಾಸ್ಗೋದ್ದೇ ಸೆಲ್ಟಿಕ್ ಕ್ಲಬ್ಬಿಗೆ ಆಡಿದ್ದಾರೆ. ನಮ್ಮ ಊರಿನ ಹುಡುಗ್ರು ಕನಸು ಕಾಣ್ಲೇ ಬಾರದಾ?

ಇನ್ನೊಂದು ಡೌಟ್, ಗೋವಾದಲ್ಲಿ ನಮ್ಮ ಸಂಬಂಧಿಕರು ಎಷ್ಟೋ ಜನ ಪೋರ್ಚುಗೀಸ್ ಪಾಸ್‌ಪೋರ್ಟ್ ಮಾಡಿಸಿಕೊಂಡು ಇಂಗ್ಲೆಂಡಲ್ಲಿ ಸೆಟ್ಲ್ ಆಗಿದ್ದಾರೆ, ಆ ರೂಟಲ್ಲಿ ಹೋದ ಆಟಗಾರನಿಗೆ ಇದೆಲ್ಲ ಬೇಡ ಅಲ್ವಾ?

ಮಣಿಪಾಲ್_ಆಫ್‌ಸೈಡ್:

ಪಾಸ್ ಅವ್ರೇ, ಸಲೀಂ ಹೋದಾಗ ನಾವು ಬ್ರಿಟಿಷ್ ಪ್ರಜೆಗಳು, ಪರ್ಮಿಟ್ ಅನ್ನುವ ರಗಳೆಯೇ ಇರ್ಲಿಲ್ಲ. ಬಾಲಾ ದೇವಿ 2020ರ ಜನವರಿಯಲ್ಲಿ ಸೈನ್ ಮಾಡಿದ್ದು, 18 ತಿಂಗಳ ಕಾಂಟ್ರಾಕ್ಟ್. ಆಕೆ ಇಂಡಿಯಾ ಟೀಮಿನ ಟಾಪ್ ಸ್ಕೋರರ್, ಬೆಂಗಳೂರು ಎಫ್‌ಸಿಗೂ ರೇಂಜರ್ಸಿಗೂ 2019ರಲ್ಲಿ ಟೈ ಅಪ್ ಆಗಿತ್ತು, 2019ರ ನವೆಂಬರಲ್ಲಿ ಟ್ರಯಲ್, ಕ್ಲಬ್ಬೇ ಮುಂದೆ ನಿಂತು ಪೇಪರ್ ಮಾಡಿಸಿದ್ದು. ಹುಡುಗಿಯರ ಲೆಕ್ಕವೂ ಬೇರೆ, ಅದರಲ್ಲಿ ನಮ್ಮ ರ‍್ಯಾಂಕ್ ಅಷ್ಟು ಕೆಳಗಿಲ್ಲ. ಸೆಲ್ಟಿಕ್ ಜಪಾನಿನ ಕ್ಯೋಗೊ, ಹಟಾಟೆ, ಮಯೆಡಾನನ್ನು ತಂದದ್ದೂ ಅಷ್ಟೇ, ಕ್ಲಬ್ಬಿಗೆ ಬೇಕಾಗಿ ಕ್ಲಬ್ಬು ತಂದದ್ದು. ಕನಸಿಗೆ ಯಾರು ಅಡ್ಡ ಬಂದ್ರು, ಆದ್ರೆ ಅವರನ್ನು ಯಾರೂ ಅಡ್ವಾನ್ಸ್ ಕೇಳ್ಲಿಲ್ಲ.

ಪೋರ್ಚುಗೀಸ್ ಪಾಸ್‌ಪೋರ್ಟಿನ ಆ ರೂಟ್ 2020ರ ಡಿಸೆಂಬರ್ 31ಕ್ಕೆ ಮುಗೀತು ಮಾರಾಯ್ರೆ. ಬ್ರೆಕ್ಸಿಟ್ ಆದ ಮೇಲೆ ಲಿಸ್ಬನ್ನಲ್ಲೇ ಹುಟ್ಟಿದವನಿಗೂ ಪಾಯಿಂಟ್ಸ್ ಬೇಕು. ಐರಿಷ್ ಪಾಸ್‌ಪೋರ್ಟಿಗೆ ಮಾತ್ರ ವೀಸಾ ಬೇಡ. ಮೇಲಿಂದ ಪೋರ್ಚುಗೀಸ್ ಪಾಸ್‌ಪೋರ್ಟ್ ತಗೊಂಡ್ರೆ ನಮ್ಮದು ಹೋಯ್ತು, ಇಂಡಿಯಾಕ್ಕೆ ಆಡುವ ಆಸೆಯೂ ಹೋಯ್ತು. ಯಾನ್ ಧಂಡಾ ಅಂತ ಸ್ಕಾಟ್ಲೆಂಡಿನ ರಾಸ್ ಕೌಂಟಿಗೆ, ಹಾರ್ಟ್ಸಿಗೆ ಆಡಿದವ, ಅವ ಬರ್ಮಿಂಗ್‌ಹ್ಯಾಮಲ್ಲಿ ಹುಟ್ಟಿದ ಬ್ರಿಟಿಷ್, ಅವನಿಗೆ ಪರ್ಮಿಟ್ ಬೇಡ, ಆದ್ರೆ ಇಂಡಿಯಾಕ್ಕೆ ಆಡ್ಬೇಕಾದ್ರೆ ಬ್ರಿಟಿಷ್ ಪಾಸ್‌ಪೋರ್ಟ್ ಬಿಡ್ಬೇಕು.

ಮಾಮನಿಗೆ: ವಿಸಿಟ್ ವೀಸಾದಲ್ಲಿ ಟ್ರಯಲ್ ಕೊಡ್ಲಿಕ್ಕೆ ಆಗ್ತದೆ, ಅದು ನಿಜ, ಟಿಕೆಟ್ ಇಟ್ಟು ಜನ ಸೇರಿಸಿದ ಮ್ಯಾಚ್ ಆಗಿರ್ಬಾರದು ಅಷ್ಟೇ. ಅಲ್ಲಿಂದಲೇ ಕನ್ವರ್ಟ್ ಅನ್ನುದು ಸುಳ್ಳು, ವಿಸಿಟ್ ವೀಸಾದಿಂದ ವರ್ಕ್ ವೀಸಾಕ್ಕೆ ಬ್ರಿಟನ್ನಿನ ಒಳಗೆ ಕೂತು ಬದಲಾಯಿಸ್ಲಿಕ್ಕೆ ಬರುದಿಲ್ಲ. ಸುಳ್ಳು ಕಾಗದ ಇಟ್ಟು ಸಿಕ್ಕಿಬಿದ್ರೆ 10 ವರ್ಷ ಬ್ಯಾನ್, ಏಜೆಂಟಿಗಲ್ಲ, ಹುಡುಗನಿಗೆ. ಕ್ಲಬ್ಬಿನ ಹೆಸರು ಕೇಳಿ, ಹೋಮ್ ಆಫೀಸ್ ಲೈಸೆನ್ಸ್ ಇರುವ ಸ್ಪಾನ್ಸರ್‌ಗಳ ಪಟ್ಟಿಯನ್ನು ಬಹಿರಂಗವಾಗಿಯೇ ಹಾಕ್ತದೆ, ಅದರಲ್ಲಿ ಹುಡುಕಿ. ಏಜೆಂಟಿನ ಫಿಫಾ ಲೈಸೆನ್ಸ್ ನಂಬರ್ ಕೇಳಿ, 2023ರಿಂದ ಪರೀಕ್ಷೆ ಪಾಸಾದವರಿಗೆ ಲೈಸೆನ್ಸ್, ಫಿಫಾ ಡೈರೆಕ್ಟರಿಯಲ್ಲಿ ಹೆಸರು ಸಿಗ್ತದೆ, 18 ಆಗದವರ ಕೇಸ್ ಹಿಡಿಯುವ ಏಜೆಂಟಿಗೆ ನಿಯಮ ಇನ್ನೂ ಬಿಗಿ.

ಕೇರಳದ ಮಲಪ್ಪುರಂ ಸೆವೆನ್ಸಿಗೆ (ಏಳು ಜನರ ಫುಟ್ಬಾಲ್) ಆಫ್ರಿಕಾದಿಂದ ಬರುವ ಹುಡುಗ್ರಲ್ಲೂ ಏಜೆಂಟನ್ನು ನಂಬಿ ಬಂದು ಸಿಕ್ಕಿಹಾಕಿಕೊಂಡವರು ಇದ್ದಾರೆ, ಇದು ಅದೇ ದಂಧೆ ಉಲ್ಟಾ.

ತೊಕ್ಕೊಟ್ಟು_ಮಾಮ:

ಲೈಸೆನ್ಸ್ ನಂಬರ್ ಕೇಳಿದೆ. ವಾಯ್ಸ್ ಮೆಸೇಜ್ ಬಂತು, ಅಡ್ವಾನ್ಸ್ ಬಂದ ಮೇಲೆ ಎಲ್ಲ ಡಾಕ್ಯುಮೆಂಟ್ ತೋರಿಸ್ತಾನಂತೆ, ಕ್ಲಬ್ಬಿನ ಹೆಸರು ಕಾನ್ಫಿಡೆನ್ಷಿಯಲ್ ಅಂತೆ. ಅದೇ ವಾಯ್ಸ್ ಮೆಸೇಜನ್ನು ಭಾವನಿಗೆ ಫಾರ್ವರ್ಡ್ ಮಾಡಿದೆ, ದುಡ್ಡಿನ ವಿಷಯ ಅಲ್ಲಿಗೆ ನಿಂತಿದೆ. ಹುಡುಗ ಮಾತ್ರ ಮುಖ ಊದಿಸಿಕೊಂಡು ಕೂತಿದ್ದಾನೆ, ನನ್ನ ಹತ್ರ ಮಾತಿಲ್ಲ.

ಗ್ಲಾಸ್ಗೋ ಅವ್ರೇ, ಪಿಯುಸಿ ಮುಗಿಸಿ ಸರಿಯಾಗಿ ಡಿಗ್ರಿಗೇ ಅಂತ ಬಂದ್ರೆ ಯೂನಿವರ್ಸಿಟಿ ಟೀಮಲ್ಲಾದ್ರೂ ಆಡಬಹುದಾ?

ಕುಡ್ಲ_ಟು_ಗ್ಲಾಸ್ಗೋ:

ಡಿಗ್ರಿ ಸ್ಟೂಡೆಂಟ್‌ಗಳಿಗೆ ಅಮೆಚೂರ್ ಆಗಿ ಯೂನಿವರ್ಸಿಟಿ ಟೀಮಲ್ಲಿ ಆಡ್ಲಿಕ್ಕೆ ದಾರಿ ಉಂಟು, ಇಲ್ಲಿ ಯೂನಿವರ್ಸಿಟಿ ಲೀಗ್ ಚೆನ್ನಾಗಿ ನಡೀತದೆ. ಆದ್ರೆ ಅವ ಸ್ಟೇಟ್ ಆಡಿದವ ಅಂತ ಹೇಳಿ ಯೂನಿವರ್ಸಿಟಿಯ ಇಂಟರ್‌ನ್ಯಾಷನಲ್ ಆಫೀಸಿಂದ ಮೊದ್ಲೇ ಇಮೇಲಲ್ಲಿ ಉತ್ತರ ತಗೊಳ್ಳಿ, ಬಾಯಿಮಾತು ಬೇಡ. ಫೀಸ್ ಮಾತ್ರ ಆ 4.5 ಲಕ್ಷದಲ್ಲಿ ಮುಗಿಯುವಂಥದ್ದಲ್ಲ, ಓದುವ ಮನಸ್ಸಿಲ್ಲದವನನ್ನು ಆಟಕ್ಕೋಸ್ಕರ ಕಳಿಸ್ಬೇಡಿ.

ಗೋಲಿಬಜೆ_ಗೋಲಿ:

ಅದಕ್ಕಿಂತ ಬೆಂಗಳೂರು ಸೂಪರ್ ಡಿವಿಷನ್ ಲೀಗಲ್ಲಿ ಒಂದು ಟೀಮ್ ಹಿಡೀಲಿ ಮಾಮ, ಐಎಸ್‌ಎಲ್ ಕ್ಲಬ್ಬಿನವರ ಕಣ್ಣಿಗೆ ಬೀಳ್ಬೇಕಾದ್ರೆ ಅಲ್ಲಿ ಆಡ್ಬೇಕು. ಬಲಗಾಲಿಗೂ ಸ್ವಲ್ಪ ಕೆಲಸ ಕೊಡ್ಲಿ.

ತೊಕ್ಕೊಟ್ಟು_ಮಾಮ:

ಅದನ್ನೇ ಅಕ್ಕನೂ ಹೇಳಿದ್ದು. ಬೆಂಗಳೂರಲ್ಲಿ ಉಳ್ಕೊಳ್ಲಿಕ್ಕೆ ನಮ್ಮವರ ಮನೆ ಉಂಟು. ಸೂಪರ್ ಡಿವಿಷನ್ ಟೀಮ್‌ಗಳ ಸೆಲೆಕ್ಷನ್ ಯಾವ ತಿಂಗಳಲ್ಲಿ ಇರ್ತದೆ, ಯಾರನ್ನು ಕಾಣ್ಬೇಕು, ಯಾರಿಗಾದ್ರೂ ಗೊತ್ತುಂಟಾ?