ಒಬ್ಬರ ಇಂಜೆಕ್ಷನ್ ಇನ್ನೊಬ್ಬರಿಗೆ ಹೋದರೆ ಕೇಸ್ ಶೀಟ್‌ನಲ್ಲಿ ಬರೆಯಬೇಕೇ? ನಮ್ಮ ಭಾಗದ ಸಿಸ್ಟರ್‌ಗಳ ಪ್ರಶ್ನೆಗಳು, ಬಳ್ಳಾರಿಯ ನಿವೃತ್ತ ನರ್ಸಿಂಗ್ ಸೂಪರಿಂಟೆಂಡೆಂಟ್ ಅವರ ಉತ್ತರಗಳು

ಪ್ರಶ್ನೆ (ಸ್ಟಾಫ್ ನರ್ಸ್, ಕೊಪ್ಪಳ ಜಿಲ್ಲೆ):
ಮೇಡಂ ಅವರಿಗೆ ನಮಸ್ಕಾರ. ನಾನು ಒಂದು ಖಾಸಗಿ ನರ್ಸಿಂಗ್ ಹೋಂನಲ್ಲಿ ಕೆಲಸ ಮಾಡುತ್ತೇನೆ. ಕಳೆದ ವಾರ ನಮ್ಮ ಮಹಿಳಾ ವಾರ್ಡಿನಲ್ಲಿ ಹುಲಿಗೆಮ್ಮ ಎಂಬ ಹೆಸರಿನ ಇಬ್ಬರು ರೋಗಿಗಳಿದ್ದರು. ಒಬ್ಬರಿಗೆ ಸಕ್ಕರೆ ಕಾಯಿಲೆ, ಇನ್ನೊಬ್ಬರು ಜ್ವರಕ್ಕೆ ದಾಖಲಾದವರು. ರಾತ್ರಿ ಪಾಳಿಯಲ್ಲಿ ಹೊಸದಾಗಿ ಸೇರಿದ ಸಿಸ್ಟರ್ ಒಬ್ಬರು ಮೊದಲಿನವರಿಗೆ ಬರೆದಿದ್ದ 10 ಯೂನಿಟ್ ರೆಗ್ಯುಲರ್ ಇನ್ಸುಲಿನ್ ಅನ್ನು ಜ್ವರದ ಹುಲಿಗೆಮ್ಮನವರಿಗೆ ಕೊಟ್ಟುಬಿಟ್ಟರು. ತಕ್ಷಣ ಗೊತ್ತಾಗಿ ಸಕ್ಕರೆ ನೀರು ಕುಡಿಸಿ, ಡ್ಯೂಟಿ ಡಾಕ್ಟರಿಗೆ ಹೇಳಿದರು. ರೋಗಿಗೆ ಏನೂ ಆಗಲಿಲ್ಲ. ಆದರೆ ಇನ್‌ಚಾರ್ಜ್ ಸಿಸ್ಟರ್, "ಏನೂ ಆಗಿಲ್ಲವಲ್ಲ, ಬರೆಯುವುದು ಬೇಡ, ಮನೆಯವರಿಗೆ ಗೊತ್ತಾದರೆ ಗಲಾಟೆಯಾಗುತ್ತದೆ" ಎಂದರು. ಹಾಗಾಗಿ ಎಲ್ಲಿಯೂ ದಾಖಲಾಗಲಿಲ್ಲ. ಇದು ಸರಿಯೇ? ಆ ಹುಡುಗಿ ಕೆಲಸ ಬಿಡುವ ಮಾತಾಡುತ್ತಿದ್ದಾಳೆ.

ಉತ್ತರ:
ನಮಸ್ಕಾರ ಸಿಸ್ಟರ್. ಬರೆಯಲೇಬೇಕಿತ್ತು. ಕಾನೂನಿನ ಮಾತು ಆಮೇಲೆ ಬರಲಿ, ಮೊದಲು ಆ ರಾತ್ರಿಯ ಮಿಕ್ಕ ಗಂಟೆಗಳನ್ನು ಲೆಕ್ಕ ಹಾಕಿ ನೋಡಿ. ರೆಗ್ಯುಲರ್ ಇನ್ಸುಲಿನ್ ಚರ್ಮದಡಿ ಹೋದ ಮೇಲೆ ಸುಮಾರು ಅರ್ಧ ಗಂಟೆಗೆ ಕೆಲಸ ಶುರುಮಾಡುತ್ತದೆ, 2ರಿಂದ 4 ಗಂಟೆಯ ಹೊತ್ತಿಗೆ ಅದರ ಪ್ರಭಾವ ಹೆಚ್ಚಿನ ಮಟ್ಟದಲ್ಲಿರುತ್ತದೆ, ಮತ್ತು 6ರಿಂದ 8 ಗಂಟೆಯವರೆಗೂ ಮೈಯಲ್ಲಿ ಉಳಿಯುತ್ತದೆ. ಅಂದರೆ ಮೊದಲ ಅರ್ಧ ಗಂಟೆಯಲ್ಲಿ ನೋಡಿದ ಸಕ್ಕರೆ ಪ್ರಮಾಣ ಸರಿಯಿದ್ದರೆ ಅದರಿಂದ ನಾವು ನಿಶ್ಚಿಂತರಾಗುವಂತಿಲ್ಲ, ಅಪಾಯದ ಹೊತ್ತು ಇನ್ನೂ ಮುಂದಿರುತ್ತದೆ. ಆ ಹೊತ್ತಿಗೆ ರೋಗಿ ಬೆವರಿ, ಮಂಕಾಗಿ ಮಲಗಿದ್ದರೆ, ಕೇಸ್ ಶೀಟ್‌ನಲ್ಲಿ ಇನ್ಸುಲಿನ್ ಸುದ್ದಿಯೇ ಇಲ್ಲದಿದ್ದಾಗ ನೋಡಿದವರು ಏನೆಂದುಕೊಳ್ಳುತ್ತಾರೆ? ಜ್ವರ ಇಳಿಯುತ್ತಿದೆ, ಪಾಪ ನಿದ್ದೆ ಮಾಡಲಿ ಎಂದುಕೊಳ್ಳುತ್ತಾರೆ. ಜ್ವರ ಇಳಿಯುವಾಗಲೂ ಬೆವರು ಬರುತ್ತದೆ, ಸಕ್ಕರೆ ಕುಸಿದಾಗಲೂ ಬರುತ್ತದೆ. ಎರಡನ್ನೂ ಬೇರ್ಪಡಿಸಿ ನೋಡುವಂತೆ ಮುಂದಿನವರನ್ನು ಎಚ್ಚರಿಸಲು ನಮ್ಮಲ್ಲಿರುವುದು ಆ ಒಂದು ಸಾಲಿನ ಬರವಣಿಗೆ ಮಾತ್ರ.

ಇನ್ನೊಂದು ಸಂಗತಿ ನಿಮ್ಮ ಪ್ರಶ್ನೆಯಲ್ಲಿ ಇಲ್ಲ. ಸಕ್ಕರೆ ಕಾಯಿಲೆಯ ಹುಲಿಗೆಮ್ಮನವರಿಗೆ ಆ ಹೊತ್ತಿನ ಇನ್ಸುಲಿನ್ ಸಿಕ್ಕಿತೇ? ಒಬ್ಬರಿಗೆ ಬೇಡದ ಔಷಧ ಹೋದಾಗ ಇನ್ನೊಬ್ಬರಿಗೆ ಬೇಕಾದದ್ದು ತಪ್ಪಿರುತ್ತದೆ, ಗಾಬರಿಯಲ್ಲಿ ಆ ಎರಡನೆಯವರನ್ನು ಎಲ್ಲರೂ ಮರೆಯುತ್ತಾರೆ. ಆದ್ದರಿಂದ ಇಂಥ ಸಂದರ್ಭದಲ್ಲಿ ಎರಡೂ ಕೇಸ್ ಶೀಟ್‌ಗಳನ್ನು ತೆರೆದು ಡಾಕ್ಟರ ಮುಂದಿಡಬೇಕು.

ಬರೆಯುವ ಬಗೆಯೂ ಮುಖ್ಯ. ನಡೆದದ್ದನ್ನು ಮಾತ್ರ, ಸಮಯದೊಂದಿಗೆ ಬರೆಯಿರಿ: "ರಾತ್ರಿ 9.10ಕ್ಕೆ ರೆಗ್ಯುಲರ್ ಇನ್ಸುಲಿನ್ 10 ಯೂನಿಟ್ ಚರ್ಮದಡಿ ಕೊಡಲಾಗಿದೆ, ಈ ರೋಗಿಗೆ ಅದರ ಆದೇಶವಿರಲಿಲ್ಲ. 9.15ಕ್ಕೆ ಡ್ಯೂಟಿ ಡಾಕ್ಟರಿಗೆ ತಿಳಿಸಲಾಯಿತು. ಸಕ್ಕರೆ ಪ್ರಮಾಣ ಇಷ್ಟು, ಪ್ರಜ್ಞೆ ಸರಿಯಿದೆ, ಡಾಕ್ಟರ ಆದೇಶದಂತೆ ಇಂತಿಷ್ಟು ಹೊತ್ತಿಗೊಮ್ಮೆ ಸಕ್ಕರೆ ನೋಡಲಾಗುತ್ತಿದೆ." ಇಂಗ್ಲಿಷಿನಲ್ಲಿ ಬರೆದರೂ ಸಾರ ಇಷ್ಟೇ. ಯಾರ ತಪ್ಪು, ಸಿಬ್ಬಂದಿ ಎಷ್ಟು ಕಡಿಮೆಯಿತ್ತು, ಯಾರು ಯಾರನ್ನು ಬೈದರು ಎಂಬುದಕ್ಕೆ ಕೇಸ್ ಶೀಟ್ ಜಾಗವಲ್ಲ. ಅದನ್ನೆಲ್ಲ ಪ್ರತ್ಯೇಕವಾದ ಘಟನಾ ವರದಿಯಲ್ಲಿ ಆಡಳಿತಕ್ಕೆ ಕೊಡಬೇಕು. ಹಳೆಯ ಬರಹದಲ್ಲಿ ತಪ್ಪಿದ್ದರೆ ಅದು ಓದಲು ಬರುವಂತೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ಸರಿಯಾದದ್ದನ್ನು ಬರೆದು, ಸಹಿ, ದಿನಾಂಕ, ಸಮಯ ಹಾಕಿ. ವೈಟ್ನರ್ ಹಚ್ಚುವುದು, ಹಾಳೆ ಬದಲಿಸುವುದು ಯಾವ ಕಾರಣಕ್ಕೂ ಸಲ್ಲದು. ತಡವಾಗಿ ಬರೆಯುವುದಾದರೆ ತಡವಾಗಿ ಬರೆದದ್ದು ಎಂದೇ ಈಗಿನ ಸಮಯ ಹಾಕಿ ಬರೆಯಬಹುದು, ಹಿಂದಿನ ಸಮಯ ಹಾಕಬಾರದು. ನಿಮ್ಮ ವಾರ್ಡಿನ ಘಟನೆಗೂ ಈ ದಾರಿ ಇನ್ನೂ ತೆರೆದಿದೆ.

ಮನೆಯವರಿಗೆ ಹೇಳುವ ಕೆಲಸವನ್ನು ಆ ಹುಡುಗಿಯ ತಲೆಗೆ ಕಟ್ಟಬೇಡಿ. ಚಿಕಿತ್ಸೆ ಕೊಡುತ್ತಿರುವ ಡಾಕ್ಟರು ಹೇಳಬೇಕು, ಇನ್‌ಚಾರ್ಜ್ ಸಿಸ್ಟರ್ ಪಕ್ಕದಲ್ಲಿರಬೇಕು. ಏನಾಯಿತು, ಏನು ಮಾಡಿದ್ದೇವೆ, ಇನ್ನು ಎಷ್ಟು ಹೊತ್ತು ಗಮನಿಸುತ್ತೇವೆ ಎಂಬುದನ್ನು ನೇರವಾಗಿ ಹೇಳಿದಾಗ ಸಿಟ್ಟು ಬರುತ್ತದೆ, ಬರಬೇಕಾದದ್ದೇ. ಆದರೆ ಹೊರಗಿನವರ ಬಾಯಿಂದ ಕೇಳಿ ಬರುವ ಸಿಟ್ಟಿನ ಸ್ವರೂಪವೇ ಬೇರೆ. ಹಲ್ಲೆಯ ಭಯವಿದ್ದರೆ, ವೈದ್ಯಕೀಯ ಸಿಬ್ಬಂದಿಯ ಮೇಲಿನ ಹಿಂಸೆಯನ್ನು ತಡೆಯುವ 2009ರ ಕರ್ನಾಟಕದ ಕಾಯ್ದೆ ನರ್ಸ್‌ಗಳನ್ನೂ ಒಳಗೊಂಡಿದೆ ಎಂಬುದು ನೆನಪಿರಲಿ.

ಆ ಸಿಸ್ಟರ್ ಕೆಲಸ ಬಿಟ್ಟರೆ ನಿಮ್ಮ ವಾರ್ಡು ಸುರಕ್ಷಿತವಾಗುವುದಿಲ್ಲ. ಕೂಡಲೇ ಬಾಯಿಬಿಟ್ಟು ಹೇಳಿದವಳು ಅವಳು, ರೋಗಿ ಇಂದು ಕ್ಷೇಮವಾಗಿರುವುದು ಅದರಿಂದಲೇ. ನಾಳೆ ಇನ್ನೊಬ್ಬಳು ಬರುತ್ತಾಳೆ, ಹುಲಿಗಿಯ ಅಮ್ಮನ ಹೆಸರಿಟ್ಟುಕೊಂಡವರು ನಮ್ಮ ಸೀಮೆಯ ಪ್ರತಿ ಊರಿನಲ್ಲೂ ಇದ್ದಾರೆ, ಮತ್ತೆ ಇಬ್ಬರು ಹುಲಿಗೆಮ್ಮರು ಒಂದೇ ವಾರ್ಡಿಗೆ ಬಂದೇ ಬರುತ್ತಾರೆ. ಬದಲಾಗಬೇಕಾದದ್ದು ಗುರುತು ಹಿಡಿಯುವ ಕ್ರಮ. ಹಾಸಿಗೆ ಸಂಖ್ಯೆ ಗುರುತಲ್ಲ, ಏಕೆಂದರೆ ಫ್ಯಾನ್ ಗಾಳಿ ಸಾಲದೆಂದು ರೋಗಿಗಳು ಹಾಸಿಗೆ ಬದಲಿಸುತ್ತಾರೆ. ಹೆಸರಿನ ಜೊತೆಗೆ ಒಳರೋಗಿ ಸಂಖ್ಯೆಯೋ, ಗಂಡನ ಅಥವಾ ತಂದೆಯ ಹೆಸರೋ, ಹೀಗೆ ಕನಿಷ್ಠ ಎರಡು ಗುರುತುಗಳನ್ನು ಪ್ರತಿ ಸಲ ಹೊಂದಿಸಿ ನೋಡಬೇಕು. ಕೇಳುವಾಗ "ನೀವು ಹುಲಿಗೆಮ್ಮನವರೇನ್ರೀ?" ಎಂದು ಕೇಳಬೇಡಿ. ಸಿಸ್ಟರ್ ಕೇಳಿದ್ದಕ್ಕೆ ಹೂಂ ಎನ್ನುವುದು ನಮ್ಮ ಜನರ ಸಹಜ ಮರ್ಯಾದೆ, ನಿದ್ದೆಗಣ್ಣಿನಲ್ಲಿದ್ದವರಂತೂ ಯಾವ ಹೆಸರಿಗೂ ಹೂಂ ಎನ್ನುತ್ತಾರೆ. "ನಿಮ್ಮ ಹೆಸರೇನ್ರೀ, ಮನೆಯವರ ಹೆಸರೇನ್ರೀ, ಯಾವೂರು?" ಎಂದು ಕೇಳಿ ಅವರ ಬಾಯಿಂದಲೇ ಹೇಳಿಸಿ. ಒಂದೇ ಹೆಸರಿನವರು ಇಬ್ಬರಿದ್ದರೆ ಎರಡೂ ಕೇಸ್ ಶೀಟ್‌ಗಳ ಮೇಲೆ ಕೆಂಪು ಶಾಯಿಯಲ್ಲಿ ಎಚ್ಚರಿಕೆ ಬರೆದು, ಸಾಧ್ಯವಾದಷ್ಟೂ ದೂರದ ಹಾಸಿಗೆ ಕೊಡಿ. ಇನ್ಸುಲಿನ್ ಅನ್ನು ಇಬ್ಬರು ನೋಡಿಯೇ ಕೊಡಬೇಕು.

ಪ್ರಶ್ನೆ (ವಾರ್ಡ್ ಇನ್‌ಚಾರ್ಜ್, ರಾಯಚೂರು):
ಮೇಡಂ, ತಾವು ಹೇಳುವುದು ಧರ್ಮದ ಮಾತು. ಆದರೆ ನಾವೇ ಬರೆದುಕೊಟ್ಟರೆ ನಾಳೆ ಅದೇ ಹಾಳೆ ಪೊಲೀಸರ ಕೈಯಲ್ಲಿ ನಮ್ಮ ವಿರುದ್ಧ ಸಾಕ್ಷಿಯಾಗುವುದಿಲ್ಲವೇ? ಡಾಕ್ಟರಿಗೆ ಇರುವ ರಕ್ಷಣೆ ನಮಗಿದೆಯೇ?

ಉತ್ತರ:
ಭಯ ಸಕಾರಣವಾದದ್ದು, ಅದಕ್ಕೆ ಸುಳ್ಳು ಸಮಾಧಾನ ಹೇಳುವುದಿಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 106ನೆಯ ಕಲಮಿನ ಪ್ರಕಾರ ನಿರ್ಲಕ್ಷ್ಯದಿಂದ ಸಾವು ಸಂಭವಿಸಿದರೆ 5 ವರ್ಷದವರೆಗೆ ಶಿಕ್ಷೆಯಿದೆ. ವೈದ್ಯಕೀಯ ಪ್ರಕ್ರಿಯೆ ನಡೆಸುತ್ತಿದ್ದ ನೋಂದಾಯಿತ ವೈದ್ಯರಾದರೆ ಮಾತ್ರ ಅದು 2 ವರ್ಷಕ್ಕೆ ಇಳಿಯುತ್ತದೆ. ಆ ರಿಯಾಯಿತಿಗೆ ಕೊಟ್ಟಿರುವ ವ್ಯಾಖ್ಯೆಯು ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾಯ್ದೆಯಡಿ ಅರ್ಹತೆ ಮತ್ತು ನೋಂದಣಿ ಇರುವವರಿಗೆ ಸೀಮಿತವಾಗಿರುವುದರಿಂದ ನರ್ಸ್‌ಗಳು ಅದರೊಳಗೆ ಬರುವುದಿಲ್ಲ. ಇದು ಅನ್ಯಾಯವೆಂದು ನನ್ನ ಸ್ಪಷ್ಟ ಅಭಿಪ್ರಾಯ, ನಮ್ಮ ಸಂಘಗಳು ಇದನ್ನು ಎತ್ತಿ ಹೇಳಲೇಬೇಕು.

ಆದರೆ ಪ್ರತಿಯೊಂದು ತಪ್ಪೂ ಅಪರಾಧವಲ್ಲ. ಜೇಕಬ್ ಮ್ಯಾಥ್ಯೂ ಪ್ರಕರಣದಲ್ಲಿ 2005ರಲ್ಲಿ ಸುಪ್ರೀಂ ಕೋರ್ಟ್, ವೈದ್ಯಕೀಯ ವೃತ್ತಿಯವರ ಮೇಲೆ ಕ್ರಿಮಿನಲ್ ಮೊಕದ್ದಮೆ ನಿಲ್ಲಬೇಕಾದರೆ ನಿರ್ಲಕ್ಷ್ಯವು ಘೋರ ಮಟ್ಟದ್ದಾಗಿರಬೇಕು ಎಂದು ಹೇಳಿದೆ. ಪರಿಹಾರದ ಸಿವಿಲ್ ಹೊಣೆ ಬೇರೆ. ಸ್ಪ್ರಿಂಗ್ ಮೆಡೋಸ್ ಆಸ್ಪತ್ರೆಯ ಪ್ರಕರಣವನ್ನು ಪ್ರತಿ ನರ್ಸಿಂಗ್ ವಿದ್ಯಾರ್ಥಿಯೂ ತಿಳಿದಿರಬೇಕೆಂದು ನನ್ನ ಆಸೆ. ಟೈಫಾಯಿಡ್‌ಗೆ ದಾಖಲಾಗಿದ್ದ ಮಗುವಿಗೆ ಕ್ಲೋರಾಂಫೆನಿಕಾಲ್ ಬದಲು ಕ್ಲೋರೋಕ್ವಿನ್ ಅನ್ನು ರಕ್ತನಾಳಕ್ಕೆ ಕೊಟ್ಟದ್ದರಿಂದ ಮೆದುಳಿಗೆ ಶಾಶ್ವತ ಹಾನಿಯಾಯಿತು. ಕೊಟ್ಟವರು ಯಾವ ನರ್ಸಿಂಗ್ ಕೌನ್ಸಿಲ್‌ನಲ್ಲೂ ನೋಂದಣಿಯಾದವರಲ್ಲ. 1998ರಲ್ಲಿ ಸುಪ್ರೀಂ ಕೋರ್ಟ್ ಮಗುವಿಗೆ 12.5 ಲಕ್ಷ, ತಂದೆತಾಯಿಗೆ 5 ಲಕ್ಷ ರೂಪಾಯಿಯ ಪರಿಹಾರವನ್ನು ಎತ್ತಿಹಿಡಿದು ಆಸ್ಪತ್ರೆಯನ್ನೇ ಹೊಣೆ ಮಾಡಿತು. ಅರ್ಹತೆಯಿಲ್ಲದವರನ್ನು ಕಡಿಮೆ ಸಂಬಳಕ್ಕೆ ಬಿಳಿ ಕೋಟು ಹಾಕಿಸಿ ನಿಲ್ಲಿಸುವ ಆಡಳಿತಗಳಿಗೆ ಈ ತೀರ್ಪನ್ನು ತೋರಿಸಿ. ಇನ್‌ಚಾರ್ಜ್ ಆಗಿ ನೀವೂ ಅಂಥವರ ಕೈಗೆ ಸಿರಿಂಜ್ ಕೊಟ್ಟರೆ ಹೊಣೆ ನಿಮ್ಮದೂ ಹೌದು.

ಇನ್ನು ಹಾಳೆಯ ಮಾತು. ಆ ಗಂಟೆಯಲ್ಲೇ ಬರೆದ, ಡಾಕ್ಟರಿಗೆ ತಿಳಿಸಿದ ಸಮಯವಿರುವ, ನಂತರದ ನಿಗಾ ಇರುವ ದಾಖಲೆಯು ನೀವು ಕರ್ತವ್ಯ ಮಾಡಿದ್ದಕ್ಕೂ ಸಾಕ್ಷಿ. ಖಾಲಿ ಬಿಟ್ಟ ಅಥವಾ ತಿದ್ದಿದ ಹಾಳೆಯನ್ನು ನೋಡಿದ ಯಾವ ತನಿಖಾಧಿಕಾರಿಯೂ ಅದನ್ನು ಕೈತಪ್ಪು ಎನ್ನುವುದಿಲ್ಲ, ಮುಚ್ಚಿಟ್ಟದ್ದು ಎನ್ನುತ್ತಾರೆ.

ಪ್ರಶ್ನೆ (ಸ್ಟಾಫ್ ನರ್ಸ್, ಗಂಗಾವತಿ):
ರಾತ್ರಿ ಇಡೀ ವಾರ್ಡಿಗೆ ನಾನೊಬ್ಬಳೇ. ಇಬ್ಬರು ನೋಡಿ ಕೊಡುವುದು ಎಲ್ಲಿಂದ ಬಂತು ಮೇಡಂ? ಡಾಕ್ಟರು ಫೋನಿನಲ್ಲೇ ಆರ್ಡರ್ ಹೇಳಿ ಇಟ್ಟುಬಿಡುತ್ತಾರೆ.

ಉತ್ತರ:
ನಿಮ್ಮ ಕಷ್ಟ ನನಗೆ ಗೊತ್ತು ತಂಗಿ. ಒಬ್ಬಳೇ ಇರುವಾಗ ಎಲ್ಲ ಔಷಧಿಗೂ ಎರಡನೆಯ ಕಣ್ಣು ಸಿಗುವುದಿಲ್ಲ, ಆದರೆ ಇನ್ಸುಲಿನ್, ರಕ್ತ ಹೆಪ್ಪುಗಟ್ಟದಂತೆ ಕೊಡುವ ಹೆಪಾರಿನ್, ಪೊಟ್ಯಾಸಿಯಂ ಕ್ಲೋರೈಡ್ ಇವುಗಳಿಗೆ ಪಕ್ಕದ ವಾರ್ಡಿನ ಸಿಸ್ಟರನ್ನಾದರೂ ಕರೆಯಿರಿ, ಡ್ಯೂಟಿ ಡಾಕ್ಟರನ್ನಾದರೂ ಎಬ್ಬಿಸಿ. ಫೋನಿನ ಆದೇಶವನ್ನು ಮೊದಲು ಬರೆದುಕೊಳ್ಳಿ, ಬರೆದದ್ದನ್ನು ಅವರಿಗೇ ಓದಿ ಹೇಳಿ, ಹೌದೆಂದ ಮೇಲೆ ಕೊಡಿ, ಬೆಳಗಿನ ರೌಂಡ್ಸಿನಲ್ಲಿ ಸಹಿ ಮಾಡಿಸಿ. ಸಿಡುಕುತ್ತಾರೆ ಎಂದು ಇದನ್ನು ಬಿಡಬೇಡಿ.

ಪೊಟ್ಯಾಸಿಯಂ ಬಗ್ಗೆ ಸ್ವಲ್ಪ ಹೆಚ್ಚು ಹೇಳುತ್ತೇನೆ, ಏಕೆಂದರೆ ನಮ್ಮ ಕಡೆ ಬೇಸಿಗೆಯಲ್ಲಿ ವಾಂತಿಭೇದಿಯ ರೋಗಿಗಳು ಹೆಚ್ಚಿ ಅದರ ಬಳಕೆಯೂ ಹೆಚ್ಚುತ್ತದೆ. 15 ಪ್ರತಿಶತದ 10 ಮಿ.ಲೀ. ಆಂಪೂಲ್‌ನಲ್ಲಿ 20 ಮಿಲಿ ಈಕ್ವಿವಲೆಂಟ್ (ಲವಣಗಳನ್ನು ಅಳೆಯುವ ಮಾನ) ಪೊಟ್ಯಾಸಿಯಂ ಇರುತ್ತದೆ. ಅದನ್ನು ನೇರವಾಗಿ ರಕ್ತನಾಳಕ್ಕೆ ತಳ್ಳಿದರೆ ಹೃದಯ ನಿಲ್ಲುತ್ತದೆ, ಆಮೇಲೆ ತಿದ್ದಿಕೊಳ್ಳಲು ಸಮಯವೇ ಇರುವುದಿಲ್ಲ. ನೋಡಲು ಅದು ಬೇರೆ ಆಂಪೂಲ್‌ಗಳಂತೆಯೇ ಇರುತ್ತದೆ. ಆದ್ದರಿಂದ ಇಂಜೆಕ್ಷನ್ ಟ್ರೇಯಲ್ಲಿ ಅದಕ್ಕೆ ಜಾಗವಿರಬಾರದು, ಬೇರೆ ಕಪಾಟಿನಲ್ಲಿ ಬೀಗ ಹಾಕಿ ಕೆಂಪು ಚೀಟಿ ಅಂಟಿಸಿ ಇಡಬೇಕು. ಡ್ರಿಪ್ಪಿಗೆ ಸೇರಿಸಿದ ಮೇಲೆ ಬಾಟಲಿಯನ್ನು ಚೆನ್ನಾಗಿ ತಿರುಗಿಸಿ ಬೆರೆಸಿ, ಸೇರಿಸಿದ ಪ್ರಮಾಣವನ್ನು ಬಾಟಲಿಯ ಮೇಲೆ ಬರೆಯಿರಿ.

ಇನ್ಸುಲಿನ್ ವಯಲ್ ಮತ್ತು ಸಿರಿಂಜನ್ನೂ ಹೊಂದಿಸಿ ನೋಡಿ. ನಮ್ಮಲ್ಲಿ ಒಂದು ಮಿ.ಲೀ.ಗೆ 40 ಯೂನಿಟ್‌ನದೂ 100 ಯೂನಿಟ್‌ನದೂ ಎರಡೂ ಸಿಗುತ್ತವೆ, 40ರ ಸಿರಿಂಜಿಗೆ ಕೆಂಪು ಮುಚ್ಚಳ, 100ರದಕ್ಕೆ ಕಿತ್ತಳೆ. 100ರ ಇನ್ಸುಲಿನ್ ಅನ್ನು ಕೆಂಪು ಮುಚ್ಚಳದ ಸಿರಿಂಜಿನಲ್ಲಿ ಎಳೆದರೆ ಎರಡೂವರೆ ಪಟ್ಟು ಹೆಚ್ಚು ಹೋಗುತ್ತದೆ.

ಸಿಬ್ಬಂದಿ ಕೊರತೆಯನ್ನು ಬಾಯಿಮಾತಿನಲ್ಲಿ ಹೇಳಿ ಸುಮ್ಮನಾಗಬೇಡಿ. ಎಷ್ಟು ರೋಗಿಗಳಿಗೆ ಎಷ್ಟು ಜನ ಇದ್ದೀರಿ ಎಂದು ದಿನಾಂಕ ಹಾಕಿ ಆಡಳಿತಕ್ಕೆ ಪತ್ರ ಕೊಟ್ಟು, ಸ್ವೀಕೃತಿ ಪ್ರತಿ ಇಟ್ಟುಕೊಳ್ಳಿ.

ಪ್ರಶ್ನೆ (ರೋಗಿಯೊಬ್ಬರ ಮಗ, ಸಿಂಧನೂರು):
ಏನು ಇಂಜೆಕ್ಷನ್ ಎಂದು ಕೇಳಿದರೆ ಸಿಸ್ಟರ್‌ಗಳು ರೇಗುತ್ತಾರೆ. ಕೇಳುವ ಹಕ್ಕು ನಮಗಿಲ್ಲವೇ?

ಉತ್ತರ:
ಖಂಡಿತ ಇದೆ ಸರ್, ಕೇಳಿರಿ. ನಿಮ್ಮ ತಾಯಿಗೆ ಯಾವುದಾದರೂ ಔಷಧಿ ಒಗ್ಗುವುದಿಲ್ಲ ಎಂದಿದ್ದರೆ ದಾಖಲಾಗುವಾಗಲೇ ಹೇಳಿ, ಮನೆಯಲ್ಲಿ ನುಂಗುತ್ತಿದ್ದ ಮಾತ್ರೆಗಳನ್ನು ತಂದು ತೋರಿಸಿ. ಒಳರೋಗಿಯ ದಾಖಲೆ ಕೇಳಿದರೆ 72 ಗಂಟೆಯೊಳಗೆ ಕೊಡಬೇಕೆಂಬ ನಿಯಮವಿದೆ. ಒಂದು ವಿನಂತಿ ಮಾತ್ರ: ಸಿಸ್ಟರ್ ಔಷಧಿ ಎಳೆಯುತ್ತಿರುವ ಹೊತ್ತಿನಲ್ಲಿ ಮಾತಾಡಿಸಬೇಡಿ, ಹಾಸಿಗೆಯ ಬಳಿ ಬಂದಾಗ ಕೇಳಿ.

ಪ್ರಶ್ನೆ (ನರ್ಸಿಂಗ್ ವಿದ್ಯಾರ್ಥಿನಿ, ಬಳ್ಳಾರಿ):
ಮೇಡಂ, 2024ರ ನವೆಂಬರ್‌ನಲ್ಲಿ ನಮ್ಮ ಜಿಲ್ಲಾ ಆಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ತೀರಿಕೊಂಡರು. ಸರಬರಾಜಾಗಿ ಬಂದ ಡ್ರಿಪ್ಪೇ ಸರಿಯಿಲ್ಲದಿದ್ದರೆ ಅದನ್ನು ಹಾಕಿದ ನರ್ಸ್ ಏನು ಮಾಡಲು ಸಾಧ್ಯ?

ಉತ್ತರ:
ಐವರು ತಾಯಂದಿರು ಹೋದರು, ಹಸುಗೂಸುಗಳು ಉಳಿದವು. ಆ ನೋವು ಈ ಊರಿನಲ್ಲಿ ಇನ್ನೂ ಆರಿಲ್ಲ. ಅಂದು ಅನುಮಾನ ಹೋದದ್ದು ರಿಂಗರ್ ಲ್ಯಾಕ್ಟೇಟ್ ಎಂಬ ಡ್ರಿಪ್ ದ್ರಾವಣದ ಗುಣಮಟ್ಟದ ಮೇಲೆ. ಸರ್ಕಾರ ಅದರ ಬಳಕೆಯನ್ನು ತಡೆದು, ರಾಜ್ಯದ ಔಷಧ ನಿಯಂತ್ರಕರನ್ನು ಅಮಾನತಿನಲ್ಲಿಟ್ಟಿತು. ಬಾಟಲಿಯನ್ನು ಬೆಳಕಿಗೆ ಹಿಡಿದು ಕಣ, ಬಿರುಕು, ಸೋರಿಕೆ, ಅವಧಿ ಇವನ್ನು ನೋಡುವುದು ನರ್ಸ್ ಕೆಲಸ. ಆದರೆ ಬ್ಯಾಕ್ಟೀರಿಯಾದ ವಿಷಾಂಶದಂಥವು ಕಣ್ಣಿಗೆ ಕಾಣುವುದೇ ಇಲ್ಲ, ತಿಳಿಯಾದ ದ್ರಾವಣದಲ್ಲೂ ಇರಬಹುದು. ಅದನ್ನು ತಡೆಯಬೇಕಾದ ಹೊಣೆ ತಯಾರಿಸಿದವರದು, ಪರೀಕ್ಷಿಸಿದವರದು, ಕೊಂಡವರದು.

ನಿಮ್ಮ ಕೈಯಲ್ಲಿರುವುದು ಇಷ್ಟು. ಹಾಕುವ ಪ್ರತಿ ಬಾಟಲಿಯ ಬ್ಯಾಚ್ ಸಂಖ್ಯೆಯನ್ನು ಕೇಸ್ ಶೀಟ್‌ನಲ್ಲಿ ಬರೆಯಿರಿ. ಒಂದೇ ದಿನ ಇಬ್ಬರು ಮೂವರಿಗೆ ನಡುಕ, ಮೂತ್ರ ಕಡಿಮೆಯಾಗುವುದು, ರಕ್ತದೊತ್ತಡ ಕುಸಿಯುವುದು ಕಂಡಾಗ ಅವರಿಗೆ ಹೋದದ್ದೆಲ್ಲ ಒಂದೇ ಬ್ಯಾಚೇ ಎಂದು ಆ ಗಂಟೆಯಲ್ಲೇ ಹೇಳಬಲ್ಲದ್ದು ಆ ಸಂಖ್ಯೆಯೇ. ನಡುಕ ಶುರುವಾದ ಕೂಡಲೇ ಡ್ರಿಪ್ ನಿಲ್ಲಿಸಿ ಡಾಕ್ಟರನ್ನು ಕರೆಯಿರಿ. ಉಳಿದ ದ್ರಾವಣ, ಬಾಟಲಿ, ಐವಿ ಸೆಟ್ ಯಾವುದನ್ನೂ ಕಸಕ್ಕೆ ಹಾಕದೆ, ಚೀಟಿ ಅಂಟಿಸಿ ತೆಗೆದಿಡಿ. ಅದೇ ಬ್ಯಾಚಿನ ಮಿಕ್ಕ ಬಾಟಲಿಗಳನ್ನು ವಾರ್ಡಿನಿಂದ ಹೊರಗಿಡಿಸಿ. ಔಷಧದ ಅಡ್ಡಪರಿಣಾಮವನ್ನು ಭಾರತೀಯ ಫಾರ್ಮಕೋವಿಜಿಲೆನ್ಸ್ ಕಾರ್ಯಕ್ರಮಕ್ಕೆ ನರ್ಸ್ ಕೂಡ ನೇರವಾಗಿ ವರದಿ ಮಾಡಬಹುದು, ಅದರ ಉಚಿತ ದೂರವಾಣಿ 1800-180-3024. ಖಚಿತವಾಗಿ ಅದೇ ಔಷಧಿಯಿಂದ ಆಯಿತೆಂದು ಸಾಬೀತು ಮಾಡಬೇಕಿಲ್ಲ, ಅನುಮಾನವಿದ್ದರೆ ಸಾಕು.