ನೋವಿನ ಮಾತ್ರೆ ಬಿಡುವಾಗಿನ ಮೂರನೆಯ ರಾತ್ರಿ: ದಾಟಿದವರು ಹೇಳಿ

ಕೇಳಿದವರು: ತುಮಕೂರು ಕಡೆಯ ಒಬ್ಬ ಮೇಷ್ಟರು

ಪ್ರೌಢಶಾಲೆಯಲ್ಲಿ ಗಣಿತ ಹೇಳಿಕೊಡುತ್ತೇನೆ. ವಯಸ್ಸು 43. ಎರಡು ವರ್ಷದ ಹಿಂದೆ ಸೊಂಟದ ಡಿಸ್ಕ್ ಜಾರಿ ಶಸ್ತ್ರಚಿಕಿತ್ಸೆಯಾಯಿತು. ಆಗ ಬರೆದುಕೊಟ್ಟದ್ದು 50 ಮಿ.ಗ್ರಾಂ. ಟ್ರಮಡಾಲ್, ಅಫೀಮಿನ ಜಾತಿಯ ನೋವಿನ ಕ್ಯಾಪ್ಸೂಲ್, ದಿನಕ್ಕೆ ಎರಡರಂತೆ ಹತ್ತು ದಿನಕ್ಕೆ. ಆ ಹತ್ತು ದಿನ ಇನ್ನೂ ಮುಗಿದಿಲ್ಲ. ಈಗ ದಿನಕ್ಕೆ ಆರು ನುಂಗುತ್ತಿದ್ದೇನೆ.

ಗಣೇಶನ ಹಬ್ಬದ ರಜೆಯಲ್ಲಿ ಬಿಟ್ಟೇಬಿಡುತ್ತೇನೆಂದು ಹಠ ಹಿಡಿದೆ. ಮೊದಲ ದಿನ ಆಕಳಿಕೆಯ ಮೇಲೆ ಆಕಳಿಕೆ, ಮೂಗು ಸೋರುವುದು. ಎರಡನೆಯ ದಿನ ಭೇದಿ, ಬೆವರು, ಬೆವರಿನ ಬೆನ್ನಿಗೇ ಚಳಿ. ಮೂರನೆಯ ರಾತ್ರಿ ಕಾಲು ಒಂದು ಕಡೆ ನಿಲ್ಲಲಿಲ್ಲ. ಶಸ್ತ್ರಚಿಕಿತ್ಸೆಗೆ ಮೊದಲೂ ಸೊಂಟ ಅಷ್ಟು ನೋಯುತ್ತಿರಲಿಲ್ಲ. ನಸುಕಿನಲ್ಲಿ ಪ್ಯಾಂಟಿನ ಜೇಬಿನಲ್ಲಿ ಉಳಿದಿದ್ದ ಎರಡು ಕ್ಯಾಪ್ಸೂಲ್ ನುಂಗಿದೆ. ಸ್ವಲ್ಪ ಹೊತ್ತಿನಲ್ಲೇ ಎಲ್ಲವೂ ಮಾಯ. ನನಗೆ ನಿಜವಾಗಿ ಹೆದರಿಕೆಯಾದದ್ದು ಆಗ.

ಹೆಂಡತಿ ಜ್ವರ ಎಂದುಕೊಂಡಿದ್ದಾಳೆ. ಡಿಸೆಂಬರ್‌ನಲ್ಲಿ ತಂಗಿಯ ಮಗಳ ಮದುವೆ, ಅಷ್ಟರೊಳಗೆ ಇದರಿಂದ ಹೊರಗೆ ಬರಬೇಕು. ದಾಟಿದವರು ಹೇಗೆ ದಾಟಿದಿರಿ?

ಸಾಗರದಿಂದ, ಅಡಿಕೆ ತೋಟದ ಮನೆಯವರು

ಮೇಷ್ಟರೇ, ನೀವು ಬರೆದದ್ದನ್ನು ಓದುವಾಗ ನನ್ನ ಕಾಲೂ ಒಮ್ಮೆ ಅದುರಿತು. ತೊಡೆಯ ಮೂಳೆ ಮುರಿದು ಶುರುವಾದದ್ದು ನನ್ನದು. ಕೊನೆಗೆ ದಿನಕ್ಕೆ ಎಂಟು ಕ್ಯಾಪ್ಸೂಲ್, ಅಂದರೆ 400 ಮಿ.ಗ್ರಾಂ. ಅದರಾಚೆ ಯಾವ ವೈದ್ಯರೂ ಬರೆಯುವುದಿಲ್ಲ ಎಂದು ಆಮೇಲೆ ತಿಳಿಯಿತು.

ನಾನೂ ನಿಮ್ಮಂತೆ ಒಮ್ಮೆಲೇ ಬಿಟ್ಟವಳೇ. ಅಡಿಕೆ ಕೊಯ್ಲಿನ ಹೊತ್ತು, ಮನೆ ತುಂಬ ಆಳುಗಳು. ಕಣ್ಣು ಮೂಗು ಸೋರುತ್ತಿದ್ದುದನ್ನು ಕಂಡು ನಮ್ಮ ಅತ್ತೆ ಯಾರದ್ದೋ ದೃಷ್ಟಿ ತಾಗಿದೆ ಎಂದು ಉಪ್ಪು ಮೆಣಸು ನಿವಾಳಿಸಿ ಒಲೆಗೆ ಹಾಕಿದರು. ರಾತ್ರಿ ಎರಡು ಗಂಟೆಗೆ ಎದ್ದು ಬಚ್ಚಲಿನ ಹಂಡೆಯೊಲೆಗೆ ಅಡಿಕೆ ಸಿಪ್ಪೆ ತುಂಬಿ, ನೀರು ಕಾಯಿಸಿ, ಚೊಂಬಿನಲ್ಲಿ ಮೊಣಕಾಲಿನಿಂದ ಕೆಳಗೆ ಸುರಿದುಕೊಳ್ಳುತ್ತಿದ್ದೆ. ಸುರಿಯುವಷ್ಟು ಹೊತ್ತು ಕಾಲು ಸುಮ್ಮನಿರುತ್ತಿತ್ತು. ಚೊಂಬು ಕೆಳಗಿಟ್ಟ ಕೂಡಲೇ ಮೂಳೆಯೊಳಗೆ ಇರುವೆ ಸಾಲು ಹರಿದಂತೆ ಮತ್ತೆ ಶುರು. ನಾಲ್ಕನೆಯ ರಾತ್ರಿ ಅತ್ತೆ ಅಲ್ಲಿಗೇ ಬಂದು ನಿಂತರು, ಮುಚ್ಚಿಡಲು ಏನೂ ಉಳಿಯಲಿಲ್ಲ.

ಆಮೇಲೆ ಅವರೇ ಜಿಲ್ಲಾಸ್ಪತ್ರೆಯ ಮನೋವೈದ್ಯರ ಬಳಿಗೆ ಕರೆದುಕೊಂಡು ಹೋದರು. ‘ನನಗೇನು ಹುಚ್ಚೇ’ ಎಂದು ಬಸ್ಸಿನಲ್ಲಿ ಅತ್ತಿದ್ದೆ. ವೈದ್ಯರು ಕೇಳಿದ ಮೊದಲ ಪ್ರಶ್ನೆ: ಎಷ್ಟು? ನಾಚಿಕೊಂಡು ಅರ್ಧ ಹೇಳಿದರೆ ನನ್ನ ಲೆಕ್ಕವೆಲ್ಲ ತಪ್ಪುತ್ತದೆ ಎಂದರು. ನಿಜ ಹೇಳಿದೆ. ಎರಡು ವಾರಕ್ಕೆ ಒಂದರಂತೆ ಇಳಿಸಲು ಬರೆದುಕೊಟ್ಟರು. ಒಂದೇ ತಿಂಗಳಿಗೆ ಮುಗಿಸುತ್ತೇನೆ ಎಂದದ್ದಕ್ಕೆ ನಕ್ಕರು.

ಎಂಟರಿಂದ ಏಳು, ಏಳರಿಂದ ಆರು, ಏನೂ ತಿಳಿಯಲೇ ಇಲ್ಲ. ಎರಡರಿಂದ ಒಂದಕ್ಕೆ ಬಂದಾಗ ಹಳೆಯ ಮೂರನೆಯ ರಾತ್ರಿಯೇ ತಿರುಗಿ ಬಂತು. ಸೋತೆ ಎಂದುಕೊಂಡು ಹೋದರೆ ವೈದ್ಯರು ಹೇಳಿದರು: ಎಂಟರಲ್ಲಿ ಒಂದು ಕಳೆದರೆ ಎಂಟನೆಯ ಒಂದು ಭಾಗ ಹೋಯಿತು, ಎರಡರಲ್ಲಿ ಒಂದು ಕಳೆದರೆ ಅರ್ಧವೇ ಹೋಯಿತು, ದೇಹ ಕೂಗಿಕೊಳ್ಳದೆ ಇನ್ನೇನು ಮಾಡೀತು? ಗಣಿತದ ಮೇಷ್ಟರಿಗೆ ಇದನ್ನು ನಾನು ಹೇಳಬೇಕೇ! ಕ್ಯಾಪ್ಸೂಲ್ ಬದಲಿಗೆ ನಡುವೆ ಗೆರೆಯಿರುವ ಮಾತ್ರೆ ಬರೆದುಕೊಟ್ಟರು. ಅರ್ಧರ್ಧ ಮಾಡಿಕೊಂಡು ಇಳಿದೆ. ಒಟ್ಟು ಏಳು ತಿಂಗಳು.

ಸ್ಟ್ರಿಪ್‌ಗಳು ಅತ್ತೆಯ ಬೀರುವಿನಲ್ಲಿದ್ದವು. ಬೆಳಿಗ್ಗೆ ಆ ದಿನದ್ದನ್ನು ಎಣಿಸಿ ಕೊಡುತ್ತಿದ್ದರು. ಭೇದಿಯಿದ್ದಾಗ ಓಆರ್‌ಎಸ್, ಗಂಜಿ, ಉಪ್ಪು ಹಾಕಿದ ನೀರು ಮಜ್ಜಿಗೆ. ಬೆವರು ಮತ್ತು ಎದೆ ಹೊಡೆತಕ್ಕೆ ಕೆಲವು ದಿನ ಕ್ಲೊನಿಡಿನ್ ಕೊಟ್ಟಿದ್ದರು. ರಕ್ತದೊತ್ತಡ ಇಳಿಸುವ ಮಾತ್ರೆ ಅದು, ಧಡಕ್ಕನೆ ಎದ್ದರೆ ತಲೆ ಸುತ್ತುತ್ತದೆ, ವೈದ್ಯರು ನೋಡದೆ ಬೇಡ. ಸೊಂಟ ಮೊದಲಿಗಿಂತ ಹೆಚ್ಚು ನೋಯಿತು ಎಂದಿರಲ್ಲ, ನನ್ನ ತೊಡೆಯೂ ಹಾಗೆಯೇ ಹೆದರಿಸಿತ್ತು. ಮೂಳೆ ಯಾವಾಗಲೋ ಕೂಡಿತ್ತು. ಮಾತ್ರೆಗೆ ಒಗ್ಗಿದ ನರಗಳು ಅದು ಸಿಗದೆ ಸಣ್ಣ ನೋವನ್ನೂ ದೊಡ್ಡದು ಮಾಡಿ ಹೇಳುತ್ತಿದ್ದವಂತೆ.

ಹುಬ್ಬಳ್ಳಿಯಿಂದ, ಔಷಧಿ ಅಂಗಡಿಯವರು

ಚೀಟಿಯಿಲ್ಲದೆ ಕೊಡುವ ಅಂಗಡಿಗಳಿವೆ, ಒಪ್ಪುತ್ತೇನೆ, ಅದು ನಮ್ಮವರ ಪಾಪ. ಆದರೆ ಟ್ರಮಡಾಲ್ 2018ರ ಏಪ್ರಿಲ್‌ನಿಂದ ಮಾದಕ ವಸ್ತು ನಿಯಂತ್ರಣ ಕಾಯ್ದೆಯ ಪಟ್ಟಿಯಲ್ಲಿದೆ. ಅದು ಎಚ್1 ಎಂಬ ಬಿಗಿ ನಿಯಮದ ಔಷಧಿ ಪಟ್ಟಿಯಲ್ಲೂ ಇದೆ. ಆ ಪಟ್ಟಿಯ ಔಷಧಿಗಳಿಗೆ ಬರೆದ ವೈದ್ಯರ ಹೆಸರು, ರೋಗಿಯ ಹೆಸರು, ಕೊಟ್ಟ ಪ್ರಮಾಣ ರಿಜಿಸ್ಟರಿನಲ್ಲಿರಬೇಕು. ಅದನ್ನು ಮೂರು ವರ್ಷ ಇಡಬೇಕು. ಅಂಗಡಿಯಿಂದ ಅಂಗಡಿಗೆ ಅಲೆಯುವುದಕ್ಕಿಂತ ಒಬ್ಬ ವೈದ್ಯರ ಚೀಟಿಯ ಮೇಲೆ ಇಳಿಸುವುದೇ ನಿಮಗೂ ನಮಗೂ ಕ್ಷೇಮ.

ಮಾತ್ರೆಯ ಹೆಸರಿನ ಮುಂದೆ ಎಸ್‌ಆರ್ ಎಂದಿದ್ದರೆ ಅದನ್ನು ಮುರಿಯಬಾರದು, ಪುಡಿ ಮಾಡಬಾರದು. ಇಡೀ ದಿನಕ್ಕೆಂದು ಕಟ್ಟಿದ್ದ ಔಷಧಿ ಒಂದೇ ಸಲಕ್ಕೆ ಮೈಗೆ ಇಳಿಯುತ್ತದೆ. ಸಾಗರದ ಅಕ್ಕನವರು ಅರ್ಧ ಮಾಡಿದ್ದು ಗೆರೆಯಿದ್ದ ಮಾತ್ರೆಯನ್ನು, ಅದೂ ವೈದ್ಯರು ಹೇಳಿ. ಟ್ರಮಡಾಲ್ ಜೊತೆ 325 ಮಿ.ಗ್ರಾಂ. ಪ್ಯಾರಸಿಟಮಾಲ್ ಸೇರಿಸಿದ ಮಾತ್ರೆಗಳೂ ಬಹಳ ಇವೆ. ಮೇಲಿನಿಂದ ಜ್ವರದ ಮಾತ್ರೆ ನುಂಗಿದರೆ ಲಿವರ್‌ಗೆ ಎಷ್ಟು ಹೋಯಿತೆಂಬ ಲೆಕ್ಕವೇ ಇರುವುದಿಲ್ಲ. ಭೇದಿ ನಿಲ್ಲಿಸುವ ಲೋಪರಮೈಡ್ ಹೇಳಿದ್ದಕ್ಕಿಂತ ಹೆಚ್ಚಾದರೆ ಹೃದಯದ ಬಡಿತದ ಲಯವನ್ನೇ ಕೆಡಿಸಬಲ್ಲದು. ಇನ್ನು ನಿದ್ದೆಗೆಂದು ಆಲ್ಪ್ರಜೋಲಮ್ ಕೇಳುತ್ತಾ ಬರುತ್ತಾರೆ. ಅದು, ಮದ್ಯ, ಈ ಮಾತ್ರೆ, ಮೂರರಲ್ಲಿ ಯಾವ ಎರಡು ಕೂಡಿದರೂ ಉಸಿರಿಗೆ ಅಪಾಯ.

ಡಿಸೆಂಬರ್ ಎಂದಿರಿ. ವರ್ಷ ಮೀರಿ ತೆಗೆದುಕೊಂಡವರಿಗೆ ತಿಂಗಳಿಗೆ ಶೇ. 10 ಅಥವಾ ಅದಕ್ಕೂ ನಿಧಾನವಾಗಿ ಇಳಿಸಿದರೆ ಸಹಿಸಿಕೊಳ್ಳುವುದು ಸುಲಭ ಎಂದು ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿಯ 2022ರ ಮಾರ್ಗಸೂಚಿ ಹೇಳುತ್ತದೆ. ವೇಗ ನಿಮ್ಮ ವೈದ್ಯರಿಗೆ ಬಿಟ್ಟದ್ದು, ಮದುವೆಯ ಮುಹೂರ್ತಕ್ಕಂತೂ ಅಲ್ಲ.

ದುಬೈಯಿಂದ, ಕುಂದಾಪುರದವರು

ಯುಎಇಯಲ್ಲಿ ಟ್ರಮಡಾಲ್ ನಿಯಂತ್ರಿತ ಔಷಧಿ, ಮೊದಲೇ ಅನುಮತಿಯಿಲ್ಲದೆ ತಂದರೆ ವಿಮಾನ ನಿಲ್ದಾಣದಲ್ಲೇ ಕಷ್ಟ. ರಜೆ ಮುಗಿಸಿ ಹೊರಡುವ ಹಿಂದಿನ ದಿನ ಯಾರೋ ಇದನ್ನು ಹೇಳಿದರು. ಹೆದರಿ ಎಲ್ಲವನ್ನೂ ಮನೆಯಲ್ಲೇ ಬಿಟ್ಟು ಬಂದೆ. ಭೇದಿ, ಬೆವರನ್ನು ಹೇಗೋ ಸಹಿಸಿದೆ. ಆದರೆ ಕಣ್ಣು ಹೊರಳಿಸಿದಾಗಲೆಲ್ಲ ತಲೆಯೊಳಗೆ ಸಣ್ಣ ಕರೆಂಟ್ ಹೊಡೆದಂತೆ. ಕಾರಣವಿಲ್ಲದೆ ಸಾಯುತ್ತೇನೆಂಬ ಗಾಬರಿ. ಟ್ರಮಡಾಲ್ ಬರೀ ಅಫೀಮಿನ ಜಾತಿಯದ್ದಲ್ಲ, ಖಿನ್ನತೆಯ ಕೆಲವು ಮಾತ್ರೆಗಳಂತೆ ಮಿದುಳಿನ ಸೆರೊಟೋನಿನ್ ಮೇಲೂ ಕೆಲಸ ಮಾಡುತ್ತದೆ, ಹಾಗಾಗಿ ಬಿಡುವಾಗ ಎರಡು ಬಗೆಯ ಕಾಟ ಎಂದು ಇಲ್ಲಿನ ವೈದ್ಯರು ಬಿಡಿಸಿ ಹೇಳಿದರು. ಫಿಟ್ಸ್ ಬಂದಿತ್ತೇ ಎಂದು ಎರಡೆರಡು ಸಲ ಕೇಳಿದರು. ಬಂದಿರಲಿಲ್ಲ, ದೇವರು ದೊಡ್ಡವನು. ಒಮ್ಮೆಲೇ ಬಿಟ್ಟವನೆಂದು ಊರಿನ ಗೆಳೆಯರು ಹೊಗಳುತ್ತಾರೆ. ನನಗೆ ಅದು ಬೇಡ. ಖಿನ್ನತೆಗೆ ಬೇರೆ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ವೈದ್ಯರಿಗೆ ಅದನ್ನೂ ಹೇಳಿ.

ದಾವಣಗೆರೆಯಿಂದ, ಒಬ್ಬ ಗೃಹಿಣಿ

ನಮ್ಮ ಯಜಮಾನರದ್ದು ಟಪೆಂಟಡಾಲ್, ಅದೂ ಇದೇ ಜಾತಿಯ ನೋವಿನ ಮಾತ್ರೆ. ಲಾರಿ ಓಡಿಸುವವರು. ಮೊದಲು ಒಂದು ಖಾಸಗಿ ವ್ಯಸನಮುಕ್ತಿ ಕೇಂದ್ರಕ್ಕೆ ಸೇರಿಸಿದೆವು. 21 ದಿನ ಕೂಡಿಹಾಕಿ, ಭಜನೆ ಮಾಡಿಸಿ, ಔಷಧಿ ಒಂದೂ ಕೊಡದೆ ಕಳುಹಿಸಿದರು. ಮನೆಗೆ ಬಂದ ಐದನೆಯ ದಿನ ಲಾರಿಯ ಸೀಟಿನಡಿ ಇದ್ದ ಹಳೆಯ ಸ್ಟ್ರಿಪ್ ಸಿಕ್ಕಿತು. ಮೊದಲು ನುಂಗುತ್ತಿದ್ದಷ್ಟನ್ನೇ ನುಂಗಿದರು. ತುಟಿ ನೀಲಿಯಾಗಿತ್ತು, ಗೊರಕೆ ಎಂದುಕೊಂಡದ್ದು ಗೊರಕೆಯಾಗಿರಲಿಲ್ಲ. 108 ಬಂದದ್ದರಿಂದ ಉಳಿದರು. ಮೂರು ವಾರ ಬಿಟ್ಟ ಮೈಗೆ ಹಳೆಯ ಡೋಸು ತಡೆಯುವ ಶಕ್ತಿ ಇರುವುದಿಲ್ಲವೆಂದು ಆ ಕೇಂದ್ರದಲ್ಲಿ ನಮಗೆ ಯಾರೂ ಹೇಳಿರಲಿಲ್ಲ. ಮೇಷ್ಟರೇ, ಮೂರು ದಿನದ ಮೇಲೆ ಎರಡೇ ನುಂಗಿದಿರಿ, ನಿಮ್ಮ ಪುಣ್ಯ.

ಆಮೇಲೆ ಸರಕಾರಿ ಆಸ್ಪತ್ರೆಯಲ್ಲಿ ಇಂಥ ಚಟ ಬಿಡಿಸಲೆಂದು ಕೊಡುವ, ಬ್ಯೂಪ್ರೆನಾರ್ಫಿನ್ ಮತ್ತು ನಲಾಕ್ಸೋನ್ ಸೇರಿದ, ನಾಲಿಗೆಯಡಿ ಇಡುವ ಮಾತ್ರೆ ಶುರು ಮಾಡಿದರು. ಹೋದ ಕೂಡಲೇ ಕೊಡಲಿಲ್ಲ. ಆಕಳಿಕೆ ಬರಲಿ, ಮೈ ರೋಮ ನಿಲ್ಲಲಿ ಎಂದು ಬೆಂಚಿನ ಮೇಲೆ ಕಾಯಿಸಿದರು. ಹಳೆಯ ಮಾತ್ರೆ ಮೈಯಲ್ಲಿರುವಾಗಲೇ ಇದನ್ನು ಕೊಟ್ಟರೆ ಎಲ್ಲ ಸಂಕಟವೂ ಒಮ್ಮೆಲೇ ಕೆರಳುತ್ತದಂತೆ. ನರ್ಸ್ ಬಂದು ಯಜಮಾನರ ತೋಳಿನ ರೋಮವನ್ನು ನೋಡಿ ನೋಡಿ ಹೋಗುತ್ತಿದ್ದರು. ಕೊಟ್ಟ ಮೇಲೆ ಸಂಜೆ ಹೊತ್ತಿಗೆ ಎರಡು ಇಡ್ಲಿ ತಿಂದರು. ಒಂದು ಚಟ ಬಿಡಿಸಿ ಇನ್ನೊಂದು ಹಿಡಿಸಿದರು ಎಂದು ನಮ್ಮ ಭಾವನವರು ಈಗಲೂ ಆಡಿಕೊಳ್ಳುತ್ತಾರೆ. ಅವರೇ ಹನ್ನೆರಡು ವರ್ಷದಿಂದ ಬಿ.ಪಿ. ಮಾತ್ರೆ ನುಂಗುತ್ತಿದ್ದಾರೆ, ಅದನ್ನು ಯಾರೂ ಚಟ ಎನ್ನುವುದಿಲ್ಲ. ಯಜಮಾನರು ಮತ್ತೆ ಲಾರಿ ಹತ್ತಿದ್ದಾರೆ, ವೈದ್ಯರು ಸರಿ ಎಂದ ಮೇಲೆ.

ಬೀರುವಿನ ಬೀಗದ ವಿಷಯದಲ್ಲಿ ಸಾಗರದ ಅಕ್ಕನ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಇವರಿಗೆ ಬೀಗ ಹಾಕಿದಷ್ಟೂ ಸಿಟ್ಟು ಬಂದು ಹೊರಗೆ ಹುಡುಕುತ್ತಿದ್ದರು.

ಎಲ್ಲಿಗೆ ಹೋಗಬೇಕೆಂದು ತಿಳಿಯದಿದ್ದರೆ ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ. ಮಾದಕ ವ್ಯಸನಕ್ಕೆಂದೇ ಇರುವ ಸಂಖ್ಯೆ 14446. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೇ ಒಂದು ವಿಭಾಗವಿದೆ, ನಿಮಗೆ ತುಮಕೂರಿನಿಂದ ದೂರವೂ ಅಲ್ಲ. ಉತ್ತರ ಕರ್ನಾಟಕದವರಿಗೆ ಧಾರವಾಡದ ಡಿಮ್ಹಾನ್ಸ್.

ಸಾಗರದಿಂದ, ಮತ್ತೊಮ್ಮೆ

ತಂಗೀ, ಬೀಗ ಹಾಕಿ ಎಂದು ಕೇಳಿಕೊಂಡವಳು ನಾನೇ. ಅತ್ತೆ ತಾವಾಗಿ ಹಾಕಿದ್ದರೆ ನಾನೂ ಬೀರು ಒಡೆಯುತ್ತಿದ್ದೆನೇನೋ.

ತುಮಕೂರಿನ ಮೇಷ್ಟರು

ಎಲ್ಲರದ್ದನ್ನೂ ಓದಿದೆ. ಕರಿಹಲಗೆಯ ಮುಂದೆ ನಿಂತವನಂತೆ ಲೆಕ್ಕವನ್ನೂ ಹಾಕಿದೆ. 300ರಿಂದ ತಿಂಗಳಿಗೆ ಶೇ. 10ರಂತೆ ಇಳಿದರೆ 270, 243, ಮದುವೆಯ ಹೊತ್ತಿಗೆ 219ರ ಸುಮಾರು. ನಾಲ್ಕು ಕ್ಯಾಪ್ಸೂಲ್, ಮೇಲೊಂದಿಷ್ಟು. ಮೂರು ತಿಂಗಳಲ್ಲಿ ಸೊನ್ನೆ ಎಂದುಕೊಂಡಿದ್ದವನಿಗೆ ಮೊದಲು ಬೇಸರವಾಯಿತು. ಆಮೇಲೆ ಗಣೇಶನ ಹಬ್ಬದಲ್ಲಿ 300ರಿಂದ ಒಂದೇ ದಿನಕ್ಕೆ ಸೊನ್ನೆಗೆ ಜಿಗಿದಿದ್ದೆನೆಂಬುದು ಹೊಳೆಯಿತು. ಯಾವ ವಿದ್ಯಾರ್ಥಿಯಾದರೂ ಹಾಗೆ ಉತ್ತರ ಬರೆದಿದ್ದರೆ ನಡುವಿನ ಹಂತಗಳೆಲ್ಲಿ ಎಂದು ಕೆಂಪು ಗೆರೆ ಎಳೆಯುತ್ತಿದ್ದೆ.

ನಿನ್ನೆ ರಾತ್ರಿ 14416ಕ್ಕೆ ಕರೆ ಮಾಡಿದೆ. ಗುರುವಾರ ನಿಮ್ಹಾನ್ಸ್‌ಗೆ ಹೋಗುತ್ತೇನೆ. ಅಲ್ಲಿಯವರೆಗೆ ಹೆಚ್ಚಿಸಲೂ ಬೇಡಿ, ತಾವಾಗಿ ನಿಲ್ಲಿಸಲೂ ಬೇಡಿ ಎಂದಿದ್ದಾರೆ. ಹೆಂಡತಿಗೆ ಹೇಳಿದೆ. ಅವಳು ಏನೂ ಅನ್ನದೆ ಒಳಗೆ ಹೋಗಿ ನನ್ನ ಪ್ಯಾಂಟುಗಳ ಜೇಬುಗಳನ್ನೆಲ್ಲ ಹೊರಳಿಸಿ, ಸಿಕ್ಕ ಕ್ಯಾಪ್ಸೂಲ್‌ಗಳನ್ನು ಒಂದು ತಟ್ಟೆಗೆ ಹಾಕಿಕೊಂಡು ಬಂದು ಎಣಿಸಿದಳು. ಇಪ್ಪತ್ತಾರು ಇದ್ದವು. ‘ಗುರುವಾರದ ತನಕ ಸಾಕಲ್ಲ?’ ಎಂದು ಕೇಳಿದಳು.